ಉತ್ತರ ಗೊತ್ತಿದ್ದೂ ಸುಮ್ಮನಿರಬೇಕಾದ ಜಾಗ: ರಸಪ್ರಶ್ನೆ ಚಿತ್ರೀಕರಣಕ್ಕೆ ಪ್ರೇಕ್ಷಕರಾಗಿ ಹೋಗುವವರಿಗೆ

ಮನೆಯಲ್ಲಿ ಕುಳಿತು ಟೀವಿಯಲ್ಲಿ ರಸಪ್ರಶ್ನೆ ಕಾರ್ಯಕ್ರಮ ನೋಡುವಾಗ ಸ್ಪರ್ಧಿ ಬಾಯಿ ತೆರೆಯುವ ಮೊದಲೇ ಉತ್ತರ ಕೂಗಿಬಿಡುವುದು ನಮ್ಮೆಲ್ಲರ ಚಾಳಿ. ಅದೇ ಕಾರ್ಯಕ್ರಮದ ಚಿತ್ರೀಕರಣಕ್ಕೆ ಪ್ರೇಕ್ಷಕರಾಗಿ ಹೋದಾಗ ಮೊದಲು ಬಿಡಬೇಕಾದದ್ದೂ ಆ ಚಾಳಿಯನ್ನೇ. ಹಾಡಿನ ಅಥವಾ ಹಾಸ್ಯದ ಕಾರ್ಯಕ್ರಮದಲ್ಲಿ ಯಾರೋ ಹೊತ್ತಲ್ಲದ ಹೊತ್ತಿನಲ್ಲಿ ಸದ್ದು ಮಾಡಿದರೆ ಆ ಭಾಗವನ್ನು ಇನ್ನೊಮ್ಮೆ ಚಿತ್ರೀಕರಿಸಿದರಾಯಿತು, ರಸಪ್ರಶ್ನೆಯಲ್ಲಿ ಹಾಗಲ್ಲ. ಒಮ್ಮೆ ಸ್ಪರ್ಧಿಯ ಕಿವಿಗೆ ಬಿದ್ದ ಉತ್ತರವನ್ನು ಹಿಂದಕ್ಕೆ ಪಡೆಯಲು ಬಾರದ ಕಾರಣ ಆ ಪ್ರಶ್ನೆಯನ್ನೇ ಕೈಬಿಟ್ಟು ಬೇರೊಂದನ್ನು ಕೇಳಬೇಕಾಗುತ್ತದೆ. ಸ್ಟುಡಿಯೊದಲ್ಲಿ ಎದುರಾಗುವ ನಿಯಮಗಳಲ್ಲಿ ಬಹುಪಾಲು ಈ ಆತಂಕದಿಂದಲೇ ಹುಟ್ಟಿದವು ಎಂಬುದು ಮನಸ್ಸಿನಲ್ಲಿದ್ದರೆ, ಮೇಲ್ನೋಟಕ್ಕೆ ಕಿರಿಕಿರಿ ಎನಿಸುವ ಎಷ್ಟೋ ಕಟ್ಟುಪಾಡುಗಳ ಹಿಂದಿನ ಕಾರಣ ತಾನಾಗಿ ಹೊಳೆಯುತ್ತದೆ.

ಪ್ರೇಕ್ಷಕರ ಟಿಕೆಟ್ ಸಾಮಾನ್ಯವಾಗಿ ಉಚಿತವಾಗಿರುತ್ತದೆ. ಉಚಿತವಾದದ್ದಕ್ಕೇ ಪಡೆದವರಲ್ಲಿ ಕೆಲವರು ಬರುವುದೇ ಇಲ್ಲ; ಖಾಲಿ ಕುರ್ಚಿಗಳು ಪರದೆಯ ಮೇಲೆ ಎದ್ದು ಕಾಣುವುದರಿಂದ ಆಯೋಜಕರು ಇರುವ ಆಸನಗಳಿಗಿಂತ ಹೆಚ್ಚು ಟಿಕೆಟ್ ಹಂಚುವುದು ರೂಢಿಯಲ್ಲಿದೆ. ಹೀಗಾಗಿ ಕೈಯಲ್ಲಿ ಟಿಕೆಟ್ ಇದೆ ಎಂದ ಮಾತ್ರಕ್ಕೆ ಒಳಗೆ ಜಾಗ ಸಿಕ್ಕೇ ಸಿಗುತ್ತದೆ ಎಂದುಕೊಳ್ಳದೆ, ಅದರಲ್ಲಿ ನಮೂದಿಸಿದ ಸಮಯಕ್ಕಿಂತ ಸಾಕಷ್ಟು ಮುಂಚೆ ಸರದಿಯಲ್ಲಿ ನಿಲ್ಲುವುದು ಲೇಸು. ಕನಿಷ್ಠ ವಯಸ್ಸು ಎಷ್ಟು, ಯಾವ ಗುರುತಿನ ಚೀಟಿ ತೋರಿಸಬೇಕು, ಟಿಕೆಟ್ಟಿನಲ್ಲಿರುವ ಹೆಸರೂ ಗುರುತಿನ ಚೀಟಿಯ ಹೆಸರೂ ಒಂದೇ ಇರಬೇಕೇ ಎಂಬುದನ್ನು ಮೊದಲೇ ಓದಿಕೊಳ್ಳಿ. ಉಚಿತ ಟಿಕೆಟ್ಟನ್ನು ದುಡ್ಡಿಗೆ ಮಾರಲು ಬರುವವರನ್ನು ನಂಬಬೇಡಿ.

ಸ್ಪರ್ಧಿಗಳಲ್ಲಿ ಯಾರಾದರೂ ನಿಮಗೆ ಪರಿಚಿತರೇ, ಕಾರ್ಯಕ್ರಮ ತಯಾರಿಸುವವರ ಪೈಕಿ ನಿಮ್ಮ ಬಂಧುಗಳಿದ್ದಾರೆಯೇ ಎಂದು ಪ್ರವೇಶದ್ವಾರದಲ್ಲಿ ಕೇಳಬಹುದು. ಇದ್ದರೆ ಇದೆ ಎಂದು ಹೇಳಿಬಿಡಿ. ಅದರಿಂದ ಹೆಚ್ಚೆಂದರೆ ನಿಮ್ಮನ್ನು ಬೇರೆ ಸಾಲಿನಲ್ಲಿ ಕೂರಿಸಬಹುದು, ಮುಚ್ಚಿಟ್ಟು ಆಮೇಲೆ ಗೊತ್ತಾದರೆ ಮಾತ್ರ ಆ ಸ್ಪರ್ಧಿಯ ಗೆಲುವೇ ಅನುಮಾನಕ್ಕೆ ಗುರಿಯಾಗುತ್ತದೆ. ಈ ಎಚ್ಚರಿಕೆ ಸುಮ್ಮನೆ ಬಂದದ್ದಲ್ಲ. ಅಮೆರಿಕದಲ್ಲಿ 1950ರ ದಶಕದ ಕೆಲವು ಜನಪ್ರಿಯ ರಸಪ್ರಶ್ನೆ ಕಾರ್ಯಕ್ರಮಗಳಲ್ಲಿ ಸ್ಪರ್ಧಿಗಳಿಗೆ ಉತ್ತರಗಳನ್ನು ಮೊದಲೇ ತಿಳಿಸಲಾಗುತ್ತಿತ್ತು ಎಂಬುದು ಬಯಲಾಗಿ, ‘ಟ್ವೆಂಟಿ ಒನ್’ ಕಾರ್ಯಕ್ರಮದ ಹೆಸರಾಂತ ವಿಜೇತ ಚಾರ್ಲ್ಸ್ ವ್ಯಾನ್ ಡೋರೆನ್ 1959ರಲ್ಲಿ ಅಲ್ಲಿನ ಸಂಸತ್ ಸಮಿತಿಯ ಮುಂದೆ ಅದನ್ನು ಒಪ್ಪಿಕೊಂಡ ಮೇಲೆ, 1960ರಲ್ಲಿ ಇಂಥ ಮೋಸವನ್ನು ಅಪರಾಧವೆಂದು ಪರಿಗಣಿಸುವ ಕಾನೂನೇ ಬಂತು. ಬ್ರಿಟನ್ನಿನಲ್ಲಿ 1998ರಲ್ಲಿ ಆರಂಭವಾಗಿ ಜಗತ್ತಿನ ಹಲವು ಭಾಷೆಗಳಿಗೆ ಹಬ್ಬಿದ ‘ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್’ ಕಾರ್ಯಕ್ರಮದ ಪ್ರಕರಣವಂತೂ ಪ್ರೇಕ್ಷಕರಿಗೆ ಇನ್ನೂ ಹತ್ತಿರದ್ದು. 2001ರ ಸೆಪ್ಟೆಂಬರಿನಲ್ಲಿ ಚಾರ್ಲ್ಸ್ ಇಂಗ್ರಾಮ್ ಎಂಬ ಸೇನಾಧಿಕಾರಿ ಹತ್ತು ಲಕ್ಷ ಪೌಂಡ್ ಗೆದ್ದರು; ಆದರೆ ಸರಿಯುತ್ತರದ ಹೆಸರು ಬಂದಾಗಲೆಲ್ಲ ಕೆಮ್ಮು ಕೇಳಿಬಂದದ್ದನ್ನು ಗಮನಿಸಿದ ತಯಾರಕರು ಬಹುಮಾನವನ್ನು ತಡೆಹಿಡಿದರು. ಪ್ರೇಕ್ಷಕರ ನಡುವೆ ಕುಳಿತಿದ್ದ ಅವರ ಪತ್ನಿ ಮತ್ತು ಸರದಿಗೆ ಕಾಯುತ್ತಿದ್ದ ಇನ್ನೊಬ್ಬ ಸ್ಪರ್ಧಿ ಸೇರಿ ಮೂವರನ್ನೂ 2003ರಲ್ಲಿ ನ್ಯಾಯಾಲಯವು ತಪ್ಪಿತಸ್ಥರೆಂದು ತೀರ್ಮಾನಿಸಿತು. ಆದ್ದರಿಂದ ನೆಗಡಿ, ಕೆಮ್ಮು ಜೋರಾಗಿರುವ ದಿನ ಹೋಗದಿರುವುದೇ ವಾಸಿ. ಹೋದ ಮೇಲೆ ಶುರುವಾದರೆ ಸಿಬ್ಬಂದಿಗೆ ತಿಳಿಸಿ ಹೊರಗೆ ಬರುವುದು ಉತ್ತಮ.

ಉಡುಪಿನ ವಿಚಾರದಲ್ಲಿ ಹೆಚ್ಚು ಯೋಚಿಸಬೇಕಾದದ್ದಿಲ್ಲ. ಸಣ್ಣ ಸಣ್ಣ ಗೆರೆಗಳೂ ಒತ್ತಾದ ಚೌಕಳಿಗಳೂ ಇರುವ ಬಟ್ಟೆ ಕ್ಯಾಮೆರಾದಲ್ಲಿ ಅಲೆಯಂತೆ ನಡುಗುತ್ತದೆ, ಅಚ್ಚ ಬಿಳಿ ದೀಪದ ಬೆಳಕಿಗೆ ಕಣ್ಣು ಕುಕ್ಕುತ್ತದೆ, ಕಂಪನಿಗಳ ದೊಡ್ಡ ಹೆಸರು ಅಚ್ಚಾಗಿರುವ ಅಂಗಿಯನ್ನು ಪ್ರಸಾರದವರು ಒಪ್ಪುವುದಿಲ್ಲ. ಒಂದೇ ಬಣ್ಣದ, ಮಧ್ಯಮ ಗಾಢತೆಯ ಬಟ್ಟೆ ಸಾಕು. ಉಪಕರಣಗಳೂ ದೀಪಗಳೂ ಕಾಯದಿರಲೆಂದು ಎಸಿಯನ್ನು ಜೋರಾಗಿ ಇಟ್ಟಿರುವುದರಿಂದ ಮೇಲೆ ಹಾಕಿಕೊಳ್ಳಲು ಒಂದು ತೆಳು ಸ್ವೆಟರ್ ಇರಲಿ. ಗಲಗಲ ಎನ್ನುವ ಬಳೆಗಳನ್ನು ಮನೆಯಲ್ಲೇ ತೆಗೆದಿಟ್ಟು ಹೋಗಿ. ಪ್ರೇಕ್ಷಕರ ಚಪ್ಪಾಳೆಯನ್ನು ಹಿಡಿಯಲೆಂದು ತಲೆಯ ಮೇಲೆ ತೂಗುಹಾಕಿದ ಮೈಕುಗಳಿಗೆ ಚಪ್ಪಾಳೆ ಬೇರೆ, ಬಳೆಯ ಸದ್ದು ಬೇರೆ ಎಂಬ ಭೇದ ತಿಳಿಯುವುದಿಲ್ಲ.

ಸಮಯದ ಲೆಕ್ಕದಲ್ಲಿ ಹೊಸಬರು ಎಡವುವುದು ಹೆಚ್ಚು. ಅರ್ಧ ಗಂಟೆಯ ಕಾರ್ಯಕ್ರಮ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ ಎಂದುಕೊಂಡು ಸಂಜೆಗೆ ಬೇರೆ ಕೆಲಸ ಇಟ್ಟುಕೊಳ್ಳಬೇಡಿ. ಸೆಟ್ಟು ಮತ್ತು ದೀಪಗಳನ್ನು ಸಿದ್ಧಪಡಿಸುವ ಖರ್ಚು ದೊಡ್ಡದಾದ್ದರಿಂದ ಒಂದೇ ದಿನದಲ್ಲಿ ಹಲವು ಕಂತುಗಳನ್ನು ಮುಗಿಸುತ್ತಾರೆ. ಅಮೆರಿಕದ ‘ಜೆಪರ್ಡಿ’ ಕಾರ್ಯಕ್ರಮದಲ್ಲಿ ವಾರವಿಡೀ ಪ್ರಸಾರವಾಗುವ 5 ಕಂತುಗಳನ್ನು ಒಂದೇ ದಿನ ಚಿತ್ರೀಕರಿಸುತ್ತಾರೆ, ಗೆದ್ದವರು ಮರುದಿನ ಬಂದಂತೆ ಕಾಣಲೆಂದು ನಡುವೆ ಬಟ್ಟೆ ಬದಲಿಸಿ ಮರಳುತ್ತಾರೆ. ಇದೇ ಕಾರಣಕ್ಕೆ ಕಂತು ಮುಗಿದಾಗ ನಿಮ್ಮನ್ನೂ ಒಂದು ಸಾಲಿನಿಂದ ಇನ್ನೊಂದಕ್ಕೆ ಕಳಿಸಬಹುದು. ಮುಂದಿನ ಸಾಲು ತಪ್ಪಿತೆಂದು ಮುನಿಸಿಕೊಳ್ಳಬೇಡಿ. ಚಿತ್ರೀಕರಣ ನಡೆಯುತ್ತಿರುವಾಗ ಎದ್ದುಹೋಗಲು ಬಿಡುವುದಿಲ್ಲವಾದ್ದರಿಂದ ಒಳಗೆ ಹೋಗುವ ಮುನ್ನ ಏನಾದರೂ ತಿಂದು, ಶೌಚಾಲಯಕ್ಕೆ ಹೋಗಿ ಬನ್ನಿ. ಹೊತ್ತುಹೊತ್ತಿಗೆ ಮಾತ್ರೆ ತೆಗೆದುಕೊಳ್ಳಬೇಕಾದವರೂ ಮೆಟ್ಟಿಲು ಹತ್ತಲಾಗದವರೂ ಬಾಗಿಲಲ್ಲೇ ಸಿಬ್ಬಂದಿಗೆ ಹೇಳಿದರೆ ಅಂಚಿನ ಕುರ್ಚಿ ಕೊಡುತ್ತಾರೆ.

ಮೊಬೈಲನ್ನು ಸಾಮಾನ್ಯವಾಗಿ ಹೊರಗೇ ತೆಗೆದುಕೊಳ್ಳುತ್ತಾರೆ ಅಥವಾ ಪೂರ್ತಿ ಆಫ್ ಮಾಡಿಸುತ್ತಾರೆ. ಸೈಲೆಂಟ್ ಮಾಡಿದ್ದೇನೆ ಎಂಬ ಸಮಜಾಯಿಷಿ ನಡೆಯುವುದಿಲ್ಲ, ನಡೆಯಲೂಬಾರದು. ನಾನು ಮೊದಲ ಸಲ ಹೋದಾಗ ಮೊಬೈಲನ್ನು ಶಿಸ್ತಾಗಿ ಒಪ್ಪಿಸಿ, ಕೈಗಡಿಯಾರವನ್ನು ಮರೆತಿದ್ದೆ. ಸ್ಪರ್ಧಿಯೊಬ್ಬರು ಎರಡು ಉತ್ತರಗಳ ನಡುವೆ ತೂಗಾಡುತ್ತಾ, ತುಟಿ ಕಚ್ಚಿ, ಕೊನೆಗೆ ಉಸಿರೆಳೆದುಕೊಂಡು ಇನ್ನೇನು ಹೇಳಬೇಕು ಎನ್ನುವಷ್ಟರಲ್ಲಿ ನನ್ನ ಮಣಿಕಟ್ಟಿನಿಂದ ಗಂಟೆಗೊಮ್ಮೆ ಬರುವ ಎರಡು ‘ಪೀಂ ಪೀಂ’ ಹೊರಟಿತು. ಚಿತ್ರೀಕರಣ ನಿಂತಿತು, ಅದು ಯಾರಿಗಾದರೂ ಕೊಟ್ಟ ಸಂಕೇತವೇ ಎಂದು ವಿಚಾರಿಸಲು ಇಬ್ಬರು ನನ್ನ ಸಾಲಿಗೇ ಬಂದರು. ಸುತ್ತಲಿನ ಕಣ್ಣುಗಳೆಲ್ಲ ನನ್ನ ಮೇಲಿದ್ದವು, ಪಾಪ, ಆ ಸ್ಪರ್ಧಿಯ ಕಣ್ಣೂ ಸೇರಿ. ಗಡಿಯಾರ, ಕಿವಿಗೆ ಸಿಕ್ಕಿಸುವ ಇಯರ್‌ಬಡ್ಸ್, ಕಾರಿನ ಕೀಲಿಗೊಂಚಲು, ಇವಿಷ್ಟನ್ನೂ ಮೊಬೈಲಿನ ಜೊತೆಗೇ ಒಪ್ಪಿಸಿಬಿಡಿ.

ಒಳಗೆ ಕುಳಿತ ಮೇಲೆ ಮೊದಲು ಬರುವವರು ನಿರೂಪಕರಲ್ಲ, ಪ್ರೇಕ್ಷಕರನ್ನು ಹುರಿದುಂಬಿಸಲೆಂದೇ ಇರುವ ಒಬ್ಬ ಮಾತುಗಾರರು. ಅವರು ನಗಿಸುತ್ತಾರೆ, ಚಪ್ಪಾಳೆಯ ತಾಲೀಮು ಮಾಡಿಸುತ್ತಾರೆ. ಬಳಿಕ ಸೆಟ್ಟಿನಲ್ಲಿ ನಿಂತು ಚಿತ್ರೀಕರಣ ನಡೆಸಿಕೊಡುವ ಫ್ಲೋರ್ ಮ್ಯಾನೇಜರ್ ಐದು, ನಾಲ್ಕು, ಮೂರು ಎಂದು ಎಣಿಸಿ, ಉಳಿದೆರಡನ್ನು ಬಾಯಲ್ಲಿ ಹೇಳದೆ ಬೆರಳಿನಲ್ಲಷ್ಟೇ ತೋರಿಸುತ್ತಾರೆ. ಆ ಬೆರಳು ಮಡಚಿದ ಕ್ಷಣದಿಂದ ನೀವೂ ಕಾರ್ಯಕ್ರಮದ ಭಾಗ. ಕ್ಯಾಮೆರಾವನ್ನಾಗಲಿ ಪಕ್ಕದ ಮಾನಿಟರನ್ನಾಗಲಿ ನೋಡದೆ ವೇದಿಕೆಯನ್ನು ನೋಡಿ. ಕೈ ಬೀಸಿದವರ ದೃಶ್ಯ ಸಂಕಲನದಲ್ಲಿ ಹಾರಿಹೋಗುವುದು ಖಚಿತ.

ನಿಜವಾದ ಪರೀಕ್ಷೆ ಇರುವುದು ಪ್ರಶ್ನೆ ಬಂದ ಮೇಲೆ. ಒತ್ತಡದಲ್ಲಿರುವ ಸ್ಪರ್ಧಿಯ ಕಣ್ಣು ತನಗರಿವಿಲ್ಲದೆಯೇ ಪ್ರೇಕ್ಷಕರ ಕಡೆ ಹೊರಳುತ್ತದೆ, ಅಲ್ಲಿ ಯಾರಾದರೂ ತಲೆಯಾಡಿಸುತ್ತಿದ್ದಾರೆಯೇ ಎಂದು ಹುಡುಕುತ್ತದೆ. ಉತ್ತರ ಗೊತ್ತಿದ್ದವರ ಮುಖ ಅರಳುವುದು, ಸ್ಪರ್ಧಿ ತಪ್ಪು ದಾರಿಗೆ ಹೊರಳಿದಾಗ ‘ಛೆ’ ಎಂಬ ಉದ್ಗಾರ ಹೊರಡುವುದು, ಪಕ್ಕದವರ ಕಿವಿಯಲ್ಲಿ ಪಿಸುಗುಟ್ಟುವುದು, ಇವೆಲ್ಲವೂ ಸುಳಿವುಗಳೇ. ನಾನು ಕಂಡುಕೊಂಡ ಉಪಾಯವೆಂದರೆ ಪ್ರಶ್ನೆ ಬಂದೊಡನೆ ಸ್ಪರ್ಧಿಯ ಮುಖ ಬಿಟ್ಟು ಅವರ ಕೈಗಳನ್ನು ನೋಡುವುದು: ಕಣ್ಣಿಗೆ ಕಣ್ಣು ಸೇರುವ ಪ್ರಮೇಯವೇ ಬರುವುದಿಲ್ಲ, ಮುಖಕ್ಕಿಂತ ಕೈಗಳೇ ಹೆಚ್ಚು ಹೇಳುತ್ತವೆ ಕೂಡ.

ಪ್ರೇಕ್ಷಕರ ಅಭಿಪ್ರಾಯ ಕೇಳುವ ಲೈಫ್‌ಲೈನ್ (ಉತ್ತರ ತೋಚದ ಸ್ಪರ್ಧಿಗೆ ಸಿಗುವ ನೆರವು) ಇರುವ ಕಾರ್ಯಕ್ರಮವಾದರೆ ನಿಮ್ಮ ಕೈಗೆ ನಾಲ್ಕು ಗುಂಡಿಗಳ ಚಿಕ್ಕ ಯಂತ್ರ ಬರುತ್ತದೆ. ಇದರ ಲೆಕ್ಕ ಸ್ವಾರಸ್ಯಕರವಾದದ್ದು. ನೂರು ಜನರಲ್ಲಿ 20 ಜನರಿಗೆ ಮಾತ್ರ ಉತ್ತರ ಗೊತ್ತಿದೆ, ಉಳಿದ 80 ಜನ ಕಣ್ಣುಮುಚ್ಚಿ ಒತ್ತುತ್ತಾರೆ ಎಂದಿಟ್ಟುಕೊಳ್ಳಿ. ಆ 80 ಮತಗಳು ನಾಲ್ಕೂ ಆಯ್ಕೆಗಳಿಗೆ ಸುಮಾರು ಇಪ್ಪತ್ತರಂತೆ ಹಂಚಿಹೋಗಿ, ಸರಿಯುತ್ತರಕ್ಕೆ 40, ಉಳಿದ ಪ್ರತಿಯೊಂದಕ್ಕೂ 20 ಬೀಳುತ್ತದೆ. ಗೊತ್ತಿರುವವರು ಇಷ್ಟು ಕಡಿಮೆಯಿದ್ದರೂ ಪರದೆಯ ಮೇಲೆ ಸರಿಯುತ್ತರದ ಮತಗಳನ್ನು ತೋರಿಸುವ ಕಂಬ ಎತ್ತರಕ್ಕೇರುವ ಗುಟ್ಟು ಇದೇ. ಆದರೆ ಗೊತ್ತಿಲ್ಲದವರು ನಿಜಕ್ಕೂ ಕಣ್ಣುಮುಚ್ಚಿ ಒತ್ತುವುದಿಲ್ಲ, ಎಲ್ಲೋ ಕೇಳಿದಂತಿರುವ ಹೆಸರಿನ ಕಡೆ ವಾಲುತ್ತಾರೆ. ಹಾಗೆ ಎಲ್ಲರೂ ಒಂದೇ ಕಡೆ ವಾಲಿದಾಗ ತಪ್ಪು ಉತ್ತರವೇ ಮೇಲೇರುತ್ತದೆ. ಆದ್ದರಿಂದ ಏನೂ ತೋಚದಿದ್ದರೆ, ನಿಯಮಗಳು ಒಪ್ಪುವುದಾದರೆ, ಗುಂಡಿ ಒತ್ತದೆ ಬಿಡುವುದೇ ಸ್ಪರ್ಧಿಗೆ ಮಾಡುವ ಉಪಕಾರ. ಪಕ್ಕದವರು ಏನು ಒತ್ತಿದರೆಂದು ಇಣುಕಬೇಡಿ. ನೂರು ಬೇರೆ ಬೇರೆ ತಲೆಗಳ ಅಭಿಪ್ರಾಯ ಎಂಬುದೇ ಅದರ ಬೆಲೆ.

ನಡುನಡುವೆ ಚಿತ್ರೀಕರಣ ನಿಲ್ಲುತ್ತದೆ. ನಿರೂಪಕರ ನಾಲಿಗೆ ತೊಡರಿರಬಹುದು, ಸ್ಪರ್ಧಿ ಕೊಟ್ಟ ಉತ್ತರ ಪುಸ್ತಕದ ಉತ್ತರಕ್ಕೆ ಹತ್ತಿರವಿದ್ದು ಅದನ್ನು ಒಪ್ಪಬಹುದೇ ಎಂದು ಕಂಟ್ರೋಲ್ ರೂಮಿನಲ್ಲಿ ಪರಿಶೀಲನೆ ನಡೆಯುತ್ತಿರಬಹುದು. ಈ ವಿರಾಮದಲ್ಲೂ ಆ ಪ್ರಶ್ನೆಯ ಬಗ್ಗೆ ಗಟ್ಟಿಯಾಗಿ ಚರ್ಚಿಸುವಂತಿಲ್ಲ. ಸ್ಪರ್ಧಿ ಹತ್ತು ಹೆಜ್ಜೆಯ ದೂರದಲ್ಲೇ ಕುಳಿತಿರುತ್ತಾರೆ. ಏನೂ ನಡೆಯದಿದ್ದಾಗಲೂ ಅಚ್ಚರಿಪಡಿ, ನಗಿ, ಎದ್ದು ನಿಂತು ಚಪ್ಪಾಳೆ ತಟ್ಟಿ ಎಂದು ಹೇಳಿ ಅದನ್ನು ಚಿತ್ರೀಕರಿಸಿಕೊಂಡು ಆಮೇಲೆ ಬೇಕಾದಲ್ಲಿ ಸೇರಿಸುತ್ತಾರೆ. ನನಗೆ ಇದು ಈಗಲೂ ತುಸು ಪೆಚ್ಚೆನಿಸುತ್ತದೆ, ಆದರೂ ಬೇಗ ಮುಗಿಯಬೇಕೆಂದರೆ ಮೊದಲ ಸಲವೇ ಮನಸ್ಸಿಟ್ಟು ತಟ್ಟುವುದು ಒಳ್ಳೆಯದು.

ನಿಮ್ಮ ಮುಖವನ್ನು ಪ್ರಸಾರದಲ್ಲಿ ಬಳಸಲು ಒಪ್ಪಿಗೆಯಿದೆ, ಫಲಿತಾಂಶವನ್ನು ಪ್ರಸಾರಕ್ಕೆ ಮುಂಚೆ ಹೊರಗೆಡವುವುದಿಲ್ಲ ಎಂಬ ಪತ್ರಕ್ಕೆ ಸಹಿ ಹಾಕಿಸಿಕೊಂಡಿರುತ್ತಾರೆ. ಚಿತ್ರೀಕರಣಕ್ಕೂ ಪ್ರಸಾರಕ್ಕೂ ನಡುವೆ ವಾರಗಳೋ ತಿಂಗಳುಗಳೋ ಇರಬಹುದು. ಯಾರು ಗೆದ್ದರು ಎಂದು ನೇರವಾಗಿ ಹೇಳಬಾರದು ಎಂಬುದು ಎಲ್ಲರಿಗೂ ತಿಳಿಯುತ್ತದೆ. ಆದರೆ ‘ಏನೇ ಆಗಲಿ, ಆ ಕೊನೇ ಪ್ರಶ್ನೆ ಮಾತ್ರ ತಪ್ಪಿಸಿಕೊಳ್ಳಬೇಡಿ’ ಎಂದು ಮನೆಯವರಿಗೆ ಹೇಳಿದರೂ, ಸ್ಪರ್ಧಿ ಕೊನೆಯ ಪ್ರಶ್ನೆಯವರೆಗೆ ತಲುಪಿದರೆಂಬ ಗುಟ್ಟು ಹೊರಬಿದ್ದಂತೆಯೇ.