ಒಂದು ದಿನಕ್ಕೆ ಒಂದೇ ನೀರು: ದಾವಣಗೆರೆಯಿಂದ ನಮ್ಮ ಸಣ್ಣ ಸಣ್ಣ ತಿರುಗಾಟ

ನಮ್ಮೂರ ಕಡೆ ರಜೆ ದಿನದ ತಿರುಗಾಟ ಅಂದ್ರೆ ಒಂದೇ ಲೆಕ್ಕ. ಬೆಳಗಿನ ಜಾವ ಗಾಡಿ ಹತ್ತಬೇಕು, ನಾಲ್ಕು ಊರು ಸುತ್ತಬೇಕು, ಐದು ದೇವರಿಗೆ ಕೈ ಮುಗಿಯಬೇಕು, ನಡುರಾತ್ರಿ ಸೊಂಟ ಹಿಡ್ಕೊಂಡು ಮನೆ ಸೇರಬೇಕು. ಬೇರೆಯವರು ಹೋಗಲಿ, ನನ್ನ ತಕರಾರಿಲ್ಲ. ನನಗೆ ಮಾತ್ರ ಅದು ಆಗಿಬರಲ್ಲ. ವಾರವಿಡೀ ಹೈಸ್ಕೂಲಿನಲ್ಲಿ ನಿಂತು ಪಾಠ ಮಾಡುವವಳು ನಾನು. ಭಾನುವಾರ ಕೂರಬೇಕು, ಕಣ್ಣೆದುರು ನೀರಿರಬೇಕು, ಅಷ್ಟೇ.

ಹಾಗಾಗಿ ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಇದೆ: ಒಂದು ದಿನಕ್ಕೆ ಒಂದೇ ನೀರು. ಕೆರೆಯಾದರೆ ಕೆರೆ, ಡ್ಯಾಂ ಆದರೆ ಡ್ಯಾಂ, ಸಮುದ್ರವಾದರೆ ಲೈಟ್‌ಹೌಸ್. "ಹೆಂಗೂ ಇಷ್ಟು ದೂರ ಬಂದೀವಿ, ಅದನ್ನೂ ನೋಡ್ಕೊಂಡು ಹೋಗಿಬಿಡೋಣ" ಅಂತ ಯಾರೂ ಹೇಳುವಂತಿಲ್ಲ. ಜಾಸ್ತಿ ಹೇಳುವವರು ನಮ್ಮ ಮನೆಯವರು. ಕಾರು ಓಡಿಸುವವರೂ ಅವರೇ ಆದ್ದರಿಂದ ಸ್ವಲ್ಪ ಹುಷಾರಾಗಿ ಸುಮ್ಮನಾಗಿಸಬೇಕು.

ತೀರಾ ಸಮಯವಿಲ್ಲದ ದಿನ ಕೊಂಡಜ್ಜಿಗೆ ಹೋಗುತ್ತೇವೆ. ಊರಿಂದ ಹತ್ತು ಹನ್ನೆರಡು ಕಿಲೋಮೀಟರ್ ಅಷ್ಟೇ. ಕೆರೆ, ಪಕ್ಕದಲ್ಲಿ ಗುಡ್ಡ, ಸ್ಕೌಟ್ಸ್ ಕ್ಯಾಂಪಿನ ಮರಗಳ ನೆರಳು. ಮಧ್ಯಾಹ್ನದ ಊಟ ಮುಗಿಸಿ ಹೊರಟರೂ ಕತ್ತಲಾಗುವುದರೊಳಗೆ ಮನೆ. ಅದರ ಬಗ್ಗೆ ಹೇಳುವುದು ಅಷ್ಟೇ. ಹೇಳಬೇಕಾದ್ದು ಸೂಳೆಕೆರೆ ಬಗ್ಗೆ.

ಚನ್ನಗಿರಿ ತಾಲ್ಲೂಕಿನ ಈ ಕೆರೆಗೆ ಬೋರ್ಡಿನಲ್ಲಿ ಶಾಂತಿಸಾಗರ ಅಂತಿರುತ್ತದೆ. ಜನರ ಬಾಯಲ್ಲಿ ಸೂಳೆಕೆರೆ. ಶಾಂತವ್ವ ಅನ್ನುವ ರಾಜಕುಮಾರಿ ಕೆರೆ ಕಟ್ಟಿಸಲು ಹೊರಟಾಗ ಆ ಜಾಗ ಸೂಳೆಯರದ್ದಾಗಿತ್ತಂತೆ. ಕೆರೆಗೆ ನಮ್ಮ ಹೆಸರಿಟ್ಟರೆ ಜಾಗ ಬಿಡ್ತೀವಿ ಅಂದರಂತೆ. ಕಥೆ ಹೇಗೂ ಇರಲಿ, ಕೆರೆಯ ಸುತ್ತಳತೆ ಹತ್ತಿರ ಹತ್ತಿರ 30 ಕಿ.ಮೀ. ಮೊದಲ ಸಲ ನೋಡಿದವರು ಆಚೆ ದಡ ಹುಡುಕುತ್ತಾರೆ. ಇಷ್ಟು ದೊಡ್ಡ ನೀರನ್ನು ಹಿಡಿದಿಟ್ಟಿರುವ ಏರಿ ಮಾತ್ರ ಅಂಥ ಉದ್ದವೇನಿಲ್ಲ. ಎರಡು ಗುಡ್ಡಗಳ ನಡುವಿನ ಸಂದಿನಲ್ಲಿ ಹಳ್ಳ ಹರಿಯುತ್ತಿತ್ತು, ಆ ಸಂದನ್ನು ಮುಚ್ಚಿದರು, ಹಿಂದೆ ಕಣಿವೆ ಪೂರ್ತಿ ತುಂಬಿತು. ಎಂಟುನೂರು ವರ್ಷದ ಹಿಂದೆ ಆ ಜಾಗ ಆರಿಸಿದವರ ಕಣ್ಣು ಎಂಥದ್ದಿರಬೇಕು ಅಂತ ಏರಿ ಮೇಲೆ ನಿಂತಾಗಲೆಲ್ಲ ಅನಿಸುತ್ತದೆ. ಎರಡು ತೂಬುಗಳಿವೆ, ಸಿದ್ಧನ ತೂಬು ಮತ್ತು ಬಸವನ ತೂಬು. ಕೆಳಗಿನ ಅಚ್ಚುಕಟ್ಟಿನ ಗದ್ದೆ ತೋಟಗಳಿಗೆ ನೀರು ಹೋಗುವುದು ಇವುಗಳಿಂದಲೇ. ಚಿತ್ರದುರ್ಗದ ನಲ್ಲಿಗಳಿಗೂ ಇಲ್ಲಿಂದ ನೀರು ಹೋಗುತ್ತದೆ.

ದಾವಣಗೆರೆಯಿಂದ ತ್ಯಾವಣಿಗೆ ಮೇಲೆ ಹೋದರೆ ದಾರಿ ಹತ್ತಿರ. ನಾವು ಬೇಕಂತಲೇ ಸಂತೇಬೆನ್ನೂರಿನ ಮೇಲೆ ಬಳಸಿ ಹೋಗುತ್ತೇವೆ. ಅಲ್ಲಿನ ಹೊಂಡದ ಹತ್ತಿರ ತಿಂಡಿ. 16ನೇ ಶತಮಾನದಲ್ಲಿ ಕೆಂಗ ಹನುಮಪ್ಪ ನಾಯಕ ಕಟ್ಟಿಸಿದ ಪುಷ್ಕರಣಿ ಅದು. ಸುತ್ತ ಮೆಟ್ಟಿಲು, ನಡುನೀರಿನಲ್ಲಿ ಅಂತಸ್ತಿನ ಮೇಲೆ ಅಂತಸ್ತಾಗಿ ಏರಿದ ಮಂಟಪ. ಬೆಳಿಗ್ಗೆ ಗಾಳಿ ಏಳುವ ಮೊದಲು ಹೋದರೆ ಮಂಟಪದ ನೆರಳು ನೀರಿನಲ್ಲಿ ಕದಲದೆ ನಿಂತಿರುತ್ತದೆ. "ಹೊಂಡದ್ದೂ ನೀರೇ ಅಲ್ವಾ, ಒಂದೇ ನೀರು ಅಂತಿದ್ರಿ" ಅಂತ ಮಗ ಲಾ ಪಾಯಿಂಟ್ ಹಾಕುತ್ತಾನೆ. ದಾರಿಯಲ್ಲಿ ಸಿಕ್ಕಿದ್ದು ಲೆಕ್ಕಕ್ಕಿಲ್ಲ ಅಂತ ನಾನು ತೀರ್ಪು ಕೊಟ್ಟಿದ್ದೇನೆ.

ಸೂಳೆಕೆರೆಯಲ್ಲಿ ನಾವು ಮಾಡುವುದು ಏನೂ ಇಲ್ಲ. ಸಿದ್ದೇಶ್ವರನ ದರ್ಶನ ಮಾಡಿ, ಜನ ಕಡಿಮೆ ಇರುವ ಕಡೆ ಜಮಖಾನ ಹಾಸುತ್ತೇವೆ. ನೀರುಕಾಗೆಗಳು ಕಲ್ಲಿನ ಮೇಲೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿರುತ್ತವೆ. ಹತ್ತು ಗಂಟೆ ಹೊತ್ತಿಗೆ ಮೀನು ಹಿಡಿಯುವವರು ದಡಕ್ಕೆ ಬರುತ್ತಾರೆ. ಅವರ ಹರಿಗೋಲನ್ನು ಹತ್ತಿರದಿಂದ ನೋಡಬೇಕು. ಒಳಗೆ ಬಿದಿರಿನ ಹೆಣಿಗೆ, ಹೊರಗೆ ಪ್ಲಾಸ್ಟಿಕ್ ಚೀಲದ ಹೊದಿಕೆ, ಅದರ ಮೇಲೆ ದಪ್ಪಗೆ ಟಾರು. ಒಬ್ಬರು ದಡ ಮುಟ್ಟಿದ ಕೂಡಲೇ ಹರಿಗೋಲನ್ನು ಮಗುಚಿ ಬಿಸಿಲಿಗೆ ಹಾಕಿದರು. ಒಂದು ಕಡೆ ಟಾರು ಬಿರುಕು ಬಿಟ್ಟಿತ್ತು. ಆ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿ, ಬಿಸಿಲಿಗೆ ಮೆತ್ತಗಾದ ಟಾರನ್ನೇ ಎಳೆದು ಮುಚ್ಚಿದರು. ಆಮೇಲೆ ಬಲೆ ಬಿಡಿಸಲು ಕೂತರು. ಬೆಂಡುಗಳನ್ನೆಲ್ಲ ಒಂದು ಕಡೆ, ಕಲ್ಲುಗಳನ್ನೆಲ್ಲ ಇನ್ನೊಂದು ಕಡೆ ಮಾಡಿಕೊಂಡು, ಸಿಕ್ಕು ಬಿಡಿಸುತ್ತಾ ಮಡಿಸುತ್ತಾ ಹೋದರು. ನಮ್ಮ ಮಗ ಮೊಬೈಲ್ ಬಿಟ್ಟು ಅಷ್ಟು ಹೊತ್ತು ಒಂದು ಕಡೆ ಕೂತಿದ್ದನ್ನು ನಾನು ನೋಡಿದ್ದೇ ಅಪರೂಪ.

ಬುತ್ತಿ ಮನೆಯಿಂದಲೇ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ, ಮೊಸರನ್ನ. ಸಂಜೆಗೆ ಮಂಡಕ್ಕಿ ಬೇಕೇ ಬೇಕು. ಖಾರ ಕಲಸುವುದು ಮಾತ್ರ ಅಲ್ಲಿಗೆ ಹೋದ ಮೇಲೆ, ಮೊದಲೇ ಕಲಸಿದರೆ ಮೆತ್ತಗಾಗುತ್ತದೆ. ಈರುಳ್ಳಿ, ಕೊತ್ತಂಬರಿ, ನಿಂಬೆಹಣ್ಣು ಬೇರೆ ಡಬ್ಬಿಯಲ್ಲಿ. ಒಂದು ಖಾಲಿ ಚೀಲ ನೆನಪಿರಲಿ, ಕಸ ವಾಪಸ್ ತರಲು. ದಡದಲ್ಲಿ ಬಿದ್ದಿರುವ ಗುಟ್ಕಾ ಚೀಟಿ, ಬಾಟಲಿ ಚೂರು ನೋಡಿದರೆ ಹೊಟ್ಟೆ ಉರಿಯುತ್ತದೆ. ನೀರಿಗಿಳಿಯುವ ಹುಮ್ಮಸ್ಸು ಬೇಡ. ಕೆಳಗೆ ಕೆಸರು ಎಷ್ಟಿದೆ, ಆಳ ಎಲ್ಲಿ ಶುರುವಾಗುತ್ತೆ ಅಂತ ಮೇಲಿಂದ ಗೊತ್ತಾಗಲ್ಲ. ತೂಬಿನ ಹತ್ತಿರವಂತೂ ಮಕ್ಕಳನ್ನು ಬಿಡಲೇಬಾರದು.

ಕಾಲ ನೋಡಿ ಹೋಗಬೇಕು. ಅಕ್ಟೋಬರಿನಿಂದ ಜನವರಿವರೆಗೆ ಕೆರೆಗಳಿಗೆ ಒಳ್ಳೆಯ ಕಾಲ. ಮಳೆ ನೀರು ತುಂಬಿರುತ್ತದೆ, ಬಿಸಿಲು ತಡೆಯಬಹುದು. ಏಪ್ರಿಲಿನಲ್ಲಿ ಹೋದರೆ ನೀರು ಹಿಂದೆ ಸರಿದು ಬಿರುಕು ಬಿಟ್ಟ ನೆಲ ಕಾಣುತ್ತದೆ.

ಇನ್ನು ಮಾರಿಕಣಿವೆ. ಪುಸ್ತಕದ ಹೆಸರು ವಾಣಿವಿಲಾಸ ಸಾಗರ. ನಮ್ಮ ಅತ್ತೆಯ ತವರು ಹಿರಿಯೂರು ಕಡೆ, ಆದ್ದರಿಂದ ಇಲ್ಲಿಗೆ ಹೋಗುವಾಗ ಅವರು ಮುಂದಿನ ಸೀಟು. ಹೈವೇಯಲ್ಲಿ ಚಿತ್ರದುರ್ಗ ದಾಟಿ ಹಿರಿಯೂರಿಗೆ ನೂರು ಕಿಲೋಮೀಟರ್, ಅಲ್ಲಿಂದ ಇನ್ನೊಂದು ಇಪ್ಪತ್ತು. ವೇದಾವತಿ ನದಿಗೆ ಅಡ್ಡಲಾಗಿ ಮೈಸೂರು ಅರಸರ ಕಾಲದಲ್ಲಿ 1898ರಲ್ಲಿ ಕೆಲಸ ಶುರುವಾಗಿ 1907ಕ್ಕೆ ಮುಗಿದ ಅಣೆಕಟ್ಟು. ಕಲ್ಲು ಮತ್ತು ಗಾರೆಯ ಕೆಲಸ. 30 ಟಿಎಂಸಿ ನೀರು ಹಿಡಿಯುತ್ತದೆ, ಪೂರ್ತಿ ಮಟ್ಟ 130 ಅಡಿ. ಹಿರಿಯೂರಿನ ಹೋಟೆಲಿನಲ್ಲಿ ಟೀ ಕುಡಿಯುತ್ತಾ ಕೂತರೆ "ಈಗ ಎಷ್ಟಡಿ ಐತಿ?" ಅನ್ನುವ ಮಾತು ಬಂದೇ ಬರುತ್ತದೆ. ಆ ಸೀಮೆಯವರಿಗೆ ಡ್ಯಾಮಿನ ಅಡಿ ಲೆಕ್ಕ ಮನೆಯ ಲೆಕ್ಕ.

1933ರಲ್ಲಿ ಒಮ್ಮೆ ಕೋಡಿ ಬಿದ್ದಿತ್ತು. ಮತ್ತೆ ಬಿದ್ದದ್ದು 89 ವರ್ಷದ ಮೇಲೆ, 2022ರ ಸೆಪ್ಟೆಂಬರಿನಲ್ಲಿ. "ನಮ್ಮಪ್ಪ ನೋಡ್ಲಿಲ್ಲ, ನಾನು ನೋಡ್ತೀನಿ" ಅಂತ ಅತ್ತೆ ಹಠ ಹಿಡಿದರು. ಕರೆದುಕೊಂಡು ಹೋದೆವು. ಜಾತ್ರೆಯೇ ಸೇರಿತ್ತು. ಹಾರ್ನು, ಸೆಲ್ಫಿ, ಬೋಂಡದ ಗಾಡಿ, ಮೈಲುಗಟ್ಟಲೆ ನಿಂತ ಕಾರು. ಅತ್ತೆ ಕೋಡಿ ನೀರನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು, ಅವರ ಮಟ್ಟಿಗೆ ಅದು ತೀರ್ಥಯಾತ್ರೆ. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು. ಆಗ ನಾವು ಜಾತ್ರೆ ಕರಗಲಿ ಅಂತ ಕಾದು, ವಾರದ ನಡುವೆ ರಜೆ ಹಾಕಿ ಹೋದೆವು. ವಿಶ್ರಾಂತಿ ಬೇಕಾದವರಿಗೆ ನಾನು ಹೇಳುವುದೂ ಅದನ್ನೇ. ಕೋಡಿ ನೋಡುವ ಸಂಭ್ರಮ ಬೇರೆ, ನೀರಿನ ಪಕ್ಕ ಸುಮ್ನೆ ಕೂರುವುದು ಬೇರೆ.

ಕಣಿವೆ ಮಾರಮ್ಮನ ಗುಡಿಗೆ ಹೋಗದೆ ಅತ್ತೆ ಡ್ಯಾಮಿನ ಕಡೆ ಕಾಲಿಡುವುದಿಲ್ಲ. ಗುಡ್ಡದ ಎತ್ತರದಿಂದ ನೋಡಿದರೆ ಹಿನ್ನೀರು ಭಾರತದ ನಕ್ಷೆ ಥರ ಕಾಣುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಹೌದು, ಕಾಣುತ್ತದೆ. ಆದರೆ ನನಗೆ ಇಷ್ಟವಾಗುವುದು ಅಣೆಕಟ್ಟಿನ ಮೇಲಿನ ಹಳೇ ಮಂಟಪಗಳು. ಬರೀ ನೀರು ಕಟ್ಟಲು ಅಷ್ಟು ಚೆಂದದ ಮಂಟಪ ಬೇಕಿರಲಿಲ್ಲ. ಆದರೂ ಕಟ್ಟಿದರು. ಅಣೆಕಟ್ಟಿನ ಮೇಲೆ ಯಾವಾಗ ಬಿಡುತ್ತಾರೆ ಅನ್ನುವುದು ಆಗಾಗ ಬದಲಾಗುತ್ತದೆ. ಬಿಡದಿದ್ದರೆ ವಾದ ಮಾಡದೆ ಕೆಳಗೆ ಕೂತರಾಯಿತು.

ಚಿತ್ರದುರ್ಗದ ಚಂದ್ರವಳ್ಳಿ ಕೆರೆಯನ್ನು ಒಂದೇ ಸಾಲಿನಲ್ಲಿ ದಾಟುವುದು ಸರಿಯಲ್ಲ. ಆದರೂ ಇಷ್ಟು ಹೇಳಿಬಿಡುತ್ತೇನೆ. ಅಲ್ಲಿ ಕದಂಬರ ಮಯೂರಶರ್ಮ ಕೆರೆ ಕಟ್ಟಿಸಿದ್ದನ್ನು ಹೇಳುವ 4ನೇ ಶತಮಾನದ ಶಾಸನವಿದೆ. ಬಂಡೆಗಳ ನಡುವೆ ಪುಟ್ಟ ನೀರು, ಹತ್ತಿರವೇ ಅಂಕಲಿ ಮಠದ ಗುಹೆಗಳು. ಕೋಟೆ ಹತ್ತಿ ಸುಸ್ತಾದವರು ಅದೇ ದಿನ ಇಲ್ಲಿಗೂ ಬಂದು ಎರಡನ್ನೂ ಅರೆಬರೆ ನೋಡುತ್ತಾರೆ. ಬೇರೆ ದಿನ ಬನ್ನಿ.

ಈಗ ಲೈಟ್‌ಹೌಸ್. ನಮ್ಮ ಬಯಲುಸೀಮೆಯವರಿಗೆ ಇದು ಸ್ವಲ್ಪ ದೂರದ ಆಸೆ. ನಾವು ಹೋಗುವುದು ಉಡುಪಿಯಿಂದ ಹದಿಮೂರು ಕಿಲೋಮೀಟರ್ ದೂರದ ಕಾಪುವಿಗೆ. ದಾವಣಗೆರೆಯಿಂದ ಹೊನ್ನಾಳಿ, ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ, ಹೆಬ್ರಿ ಮೇಲೆ 240 ಕಿ.ಮೀ. ಆಸುಪಾಸು. ಒಂದೇ ದಿನ ಹೋಗಿ ಬರುತ್ತೇವೆ ಅನ್ನುವವರಿದ್ದಾರೆ. ಅವರು ನೋಡುವುದು ರಸ್ತೆ, ಸಮುದ್ರವಲ್ಲ. ನಾವು ಕಂಡುಕೊಂಡ ದಾರಿ ಇದು: ಸೋಮವಾರವೂ ರಜೆ ಇರುವ ವಾರ ನೋಡಿ, ಶನಿವಾರ ಸಂಜೆ ಶಿವಮೊಗ್ಗದಲ್ಲಿ ಅಕ್ಕನ ಮನೆಗೆ ಹೋಗಿ ಮಲಗುವುದು. ಭಾನುವಾರ ಬೆಳಿಗ್ಗೆ ಅಲ್ಲಿಂದ ಹೊರಟರೆ ಉಳಿಯುವುದು 160 ಕಿ.ಮೀ. ಅಷ್ಟೇ. ದಾರಿಯಲ್ಲಿ ಸಕ್ರೆಬೈಲಿನ ಆನೆ, ಮಂಡಗದ್ದೆಯ ಹಕ್ಕಿ, ಆಗುಂಬೆಯ ಸೂರ್ಯಾಸ್ತ ಎಲ್ಲ ಕೈ ಬೀಸಿ ಕರೆಯುತ್ತವೆ. ಮಂಡಗದ್ದೆಯಲ್ಲಿ ಮಾತ್ರ, ಮಳೆಗಾಲದ ಕೊನೆಯಾದರೆ, ರಸ್ತೆ ಪಕ್ಕ ನಿಂತು ತುಂಗೆಯ ನಡುಗಡ್ಡೆಯ ಮರಗಳ ಮೇಲಿನ ಬೆಳ್ಳಕ್ಕಿ ಗೂಡು ನೋಡುತ್ತೇವೆ. ಉಳಿದದ್ದಕ್ಕೆ ಬೇರೆ ದಿನ.

ಕಾಪುವಿನ ಲೈಟ್‌ಹೌಸ್ ಕಟ್ಟಿದ್ದು 1901ರಲ್ಲಿ. ಗೋಪುರದ ಎತ್ತರ 27 ಮೀಟರ್, ಅದು ನಿಂತಿರುವುದು ಸಮುದ್ರಕ್ಕೆ ಚಾಚಿದ ಬಂಡೆಯ ಮೇಲೆ. ಬಂಡೆ ಯಾಕೆ ಅಂತ ಮಗ ಕೇಳಿದ. ಭೂಮಿ ಗುಂಡಗಿದೆಯಲ್ಲ, ಎತ್ತರ ಹೆಚ್ಚಾದಷ್ಟೂ ದಿಗಂತ ದೂರ ಹೋಗುತ್ತದೆ. ಮರಳಿನ ಮೇಲೆ ನಿಂತವರಿಗೆ ದಿಗಂತ ನಾಲ್ಕೈದು ಕಿಲೋಮೀಟರ್. ಮೂವತ್ತು ಮೀಟರ್ ಎತ್ತರದಲ್ಲಿ ನಿಂತವರಿಗೆ ಹತ್ತಿರ ಹತ್ತಿರ ಇಪ್ಪತ್ತು ಕಿಲೋಮೀಟರ್. ನೋಡುವ ಕಣ್ಣಿಗೆ ಹೇಗೋ ಹೊರಡುವ ಬೆಳಕಿಗೂ ಹಾಗೇ. ಬಂಡೆ ಪುಕ್ಕಟೆ ಎತ್ತರ ಕೊಡುತ್ತದೆ. ಮೈ ಮೇಲಿನ ಕಪ್ಪು ಬಿಳಿ ಪಟ್ಟೆಗಳು ಚೆಂದಕ್ಕಲ್ಲ, ಹಗಲಿನಲ್ಲಿ ದೋಣಿಯವರಿಗೆ ಗುರುತು. ರಾತ್ರಿಯ ಗುರುತು ಬೆಳಕಿನ ಲಯ. ಒಂದು ಲೈಟ್‌ಹೌಸ್ ಮಿನುಗುವ ಲಯ ಅಕ್ಕಪಕ್ಕದ ಇನ್ನೊಂದಕ್ಕೆ ಇರುವುದಿಲ್ಲ. ಎಷ್ಟು ಸೆಕೆಂಡಿಗೆ ಎಷ್ಟು ಸಲ ಅಂತ ಎಣಿಸಿದರೆ ಹಡಗಿನವರಿಗೆ ತಾವು ಯಾವ ಊರಿನ ಎದುರಿದ್ದೇವೆ ಅಂತ ತಿಳಿಯುತ್ತದೆ.

ಮೇಲೆ ಹತ್ತಲು ಸಂಜೆ ಹೊತ್ತು ಸ್ವಲ್ಪ ಸಮಯ ಮಾತ್ರ ಬಿಡುತ್ತಾರೆ, ಟಿಕೆಟ್ ಇದೆ. ಬೆಳಿಗ್ಗೆ ಬಂದು ಬಾಗಿಲು ಮುಚ್ಚಿದೆ ಅಂತ ಗೊಣಗುವವರು ಪ್ರತಿ ಸಲ ಕಾಣುತ್ತಾರೆ. ಹಾಗಾಗಿ ನಾವು ಮಧ್ಯಾಹ್ನ ತೆಂಗಿನ ನೆರಳಿನಲ್ಲಿ ಮಲಗಿ, ಬಿಸಿಲು ಇಳಿದ ಮೇಲೆ ಬಂಡೆ ಕಡೆ ನಡೆಯುತ್ತೇವೆ. ಒಳಗಿನ ಮೆಟ್ಟಿಲು ಸುರುಳಿ ಸುತ್ತಿಕೊಂಡು ಹೋಗುತ್ತದೆ, ಜಾಗ ಕಡಿಮೆ. ಇಳಿಯುವವರಿಗೆ ದಾರಿ ಬಿಡಲು ಗೋಡೆಗೆ ಒತ್ತಿ ನಿಲ್ಲಬೇಕು. ಮಂಡಿ ನೋವಿರುವವರು ಕೆಳಗೇ ಇರುವುದು ವಾಸಿ. ಮೇಲಿನ ಬಾಲ್ಕನಿಗೆ ಕಾಲಿಟ್ಟ ಕೂಡಲೇ ಗಾಳಿ ಸೆರಗು ಎಳೆಯುತ್ತದೆ. ಚೂಡಿದಾರವೇ ಸರಿ. ಟೋಪಿ, ಮೊಬೈಲ್ ಎರಡೂ ಗಟ್ಟಿಯಾಗಿ ಹಿಡಿದಿರಿ. ಪಶ್ಚಿಮಕ್ಕೆ ಸೂರ್ಯ ನೇರ ಮುಖಕ್ಕೆ ಹೊಡೆಯುತ್ತಾನೆ, ಅದಕ್ಕೆ ನಾನು ಮೊದಲು ಪೂರ್ವದ ಕಡೆ ನೋಡುತ್ತೇನೆ: ತೆಂಗಿನ ತಲೆಗಳ ಆಚೆ ನಾವು ಇಳಿದು ಬಂದ ಘಟ್ಟದ ಸಾಲು.

ಅತ್ತೆ ಹತ್ತುವುದಿಲ್ಲ. ಕಾಪುವಿನ ಮಾರಿಗುಡಿಗೆ ಹೋಗಿ ಬಂದು ಮರಳಿನಲ್ಲಿ ಕೂರುತ್ತಾರೆ. ಅಲ್ಲೂ ಮಾರಮ್ಮ, ಇಲ್ಲೂ ಮಾರಮ್ಮ, ಅವರಿಗೆ ಸಮಾಧಾನ.

ಜೂನಿನಿಂದ ಸೆಪ್ಟೆಂಬರ್‌ವರೆಗೆ ಕಾಪುವಿಗೆ ಹೋಗಬೇಡಿ. ಅಲೆ ಬಂಡೆ ಮೇಲೆ ಬಡಿಯುತ್ತಿರುತ್ತದೆ, ಪಾಚಿ ಕಟ್ಟಿ ಕಾಲು ಜಾರುತ್ತದೆ. ವಾಪಸ್ ಬರುವಾಗ ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಕತ್ತಲಾದ ಮೇಲೆ ಹತ್ತುವುದು ನಮಗೆ ಇಷ್ಟವಿಲ್ಲ, ಮಂಜು ಬಿದ್ದರೆ ಮುಂದಿನದ್ದು ಕಾಣಲ್ಲ. ಗೋಪುರದಿಂದ ಬೇಗ ಇಳಿದು ಹೊರಟುಬಿಡುತ್ತೇವೆ. ಬೆಳಕು ಹೊತ್ತುವುದನ್ನು ನೋಡಲೇಬೇಕು ಅನ್ನುವವರು ಉಡುಪಿಯಲ್ಲಿ ರೂಮು ಮಾಡಿ, ಬೆಳಿಗ್ಗೆ ಹೊರಡಲಿ.

ಕಾರಿಲ್ಲದವರು ಸೂಳೆಕೆರೆಯಿಂದ ಶುರು ಮಾಡಬಹುದು. ದಾವಣಗೆರೆಯಿಂದ ಚನ್ನಗಿರಿಗೆ ಬಸ್ಸುಗಳಿವೆ. ಕೆರೆ ಮೇಲೆ ಹೋಗುತ್ತಾ ಅಂತ ಕಂಡಕ್ಟರ್ ಹತ್ರ ಕೇಳಿಯೇ ಹತ್ತಿ. ಕೊನೆ ಬಸ್ಸು ಎಷ್ಟೊತ್ತಿಗೆ ಅಂತಲೂ ಅವರನ್ನೇ ಕೇಳಿಟ್ಟುಕೊಳ್ಳಿ.