ಮಳೆಗಾಲದಲ್ಲಿ ಮನೆಯೊಳಗೆ ಎರಡೂವರೆ ವರ್ಷದ ಮಗಳ ಜೊತೆ

ಶಿರಸಿ ಕಡೆ ಜಡಿಮಳೆ ಹಿಡಿಯಿತು ಅಂದರೆ ಯಾವಾಗ ಬಿಡುತ್ತದೆ ಅಂತ ಹೇಳೋಕಾಗಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಗುವನ್ನು ಅಂಗಳಕ್ಕೆ ಇಳಿಸುವ ಹಾಗಿಲ್ಲ. ಇಳಿಸಿದರೆ ಜಾರಿಕೆ, ಹಾವಸೆ, ರಕ್ತ ಹೀರುವ ಉಂಬಳ. ಜಗಲಿಗೆ ಅಡಿಕೆ ಸೋಗೆಯ (ಗರಿಯ) ತಟ್ಟಿ ಕಟ್ಟಿರುತ್ತೇವೆ, ಹಾಗಾಗಿ ಹಗಲಲ್ಲೂ ಒಳಗೆ ಕತ್ತಲೆ. ಮಗಳಿಗೆ ಎರಡೂವರೆ ವರ್ಷ, ಅಂಗನವಾಡಿಗೆ ಕಳಿಸೋಕೆ ಮೂರು ತುಂಬಬೇಕು. ಮಳೆ ಬಿಟ್ಟು ಸ್ವಲ್ಪ ಹೊಳವಾದರೆ ಸಾಕು, ಗಂಡಸರೆಲ್ಲ ಅಡಿಕೆಯ ಕೊಳೆರೋಗಕ್ಕೆ ಮದ್ದು ಹೊಡೆಸೋಕೆ ತೋಟಕ್ಕೆ ಓಡುತ್ತಾರೆ. ಮನೆಯಲ್ಲಿ ಉಳಿಯುವುದು ಅತ್ತೆ, ನಾನು ಮತ್ತು ಒಂದು ಕ್ಷಣ ಕೂತಲ್ಲಿ ಕೂರದ ಈ ಕೂಸು.

ನಾನು ಕಂಡುಕೊಂಡದ್ದು ಇಷ್ಟೇ: ಈ ವಯಸ್ಸಿನ ಮಕ್ಕಳಿಗೆ ಆಟದ ಸಾಮಾನು ಜಾಸ್ತಿ ಬೇಡ, ಕೆಲಸ ಬೇಕು. ದೊಡ್ಡವರು ಮಾಡುವ ನಿಜವಾದ ಕೆಲಸದಲ್ಲಿ ಪಾಲು ಬೇಕು. ಮತ್ತೆ, ಬೆಳಿಗ್ಗೆ ಮೊದಲು ಮೈ ದಣಿಯಬೇಕು. ಕೂತು ಆಡುವ ಆಟ ಏನಿದ್ದರೂ ಆಮೇಲೆ. ಈ ಕ್ರಮ ತಲೆಕೆಳಗಾದರೆ ಹತ್ತು ಗಂಟೆಯೊಳಗೆ ಗಲಾಟೆ ಶುರು, ಮಧ್ಯಾಹ್ನ ನಿದ್ದೆಯೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಪುಟ್ಟ ಮಕ್ಕಳ ಬಗ್ಗೆ ಕೊಟ್ಟ ಸಲಹೆಯಲ್ಲೂ ಒಂದರಿಂದ ಎರಡು ವರ್ಷದ, ಅಂದರೆ ಮೂರು ತುಂಬದ ಮಕ್ಕಳು ದಿನಕ್ಕೆ ಒಟ್ಟು 180 ನಿಮಿಷವಾದರೂ ಮೈ ಆಡಿಸಬೇಕು ಅಂತಿದೆ. ಮೂರು ಗಂಟೆ! ಬೇಸಿಗೆಯಲ್ಲಿ ಅದು ತಾನಾಗಿಯೇ ಆಗುತ್ತದೆ. ಮಳೆಗಾಲದಲ್ಲಿ ನಾವೇ ದಾರಿ ಮಾಡಿಕೊಡಬೇಕು.

ನಮ್ಮ ಮನೆಯಲ್ಲಿ ಅದಕ್ಕೆ ಅಡಿಕೆ ಹಾಳೆ, ಅಂದರೆ ಸೋಗೆಯ ಬುಡದ ಅಗಲವಾದ ದಪ್ಪ ಪೊರೆ. ಅಂಗಳದಲ್ಲಿ ಹಾಳೆ ಎಳೆದು ಆಡದೆ ಬೆಳೆದವರು ನಮ್ಮ ಕಡೆ ಯಾರಿದ್ದಾರೆ? ಅದನ್ನೇ ಒಳಗೆ ತಂದೆ. ಅಗಲವಾದ, ಎಲ್ಲೂ ಸೀಳದ ಹಾಳೆ ಬೇಕು. ಸೋಗೆಯ ಗರಿಗಳನ್ನೆಲ್ಲ ಸವರಿ ದಿಂಡು ಮಾತ್ರ ಉಳಿಸಿಕೊಳ್ಳುತ್ತೇನೆ, ಅದೇ ಹಿಡಿಕೆ. ಅಂಚು ಚೂಪಾಗಿದ್ದರೆ ಕತ್ತಿಯಲ್ಲಿ ಕೆತ್ತಿ ಬಟ್ಟೆಯಿಂದ ಉಜ್ಜುತ್ತೇನೆ. ಒಣಗಿ ಮುರುಟಿಕೊಂಡಿದ್ದರೆ ನೀರು ಚಿಮುಕಿಸಿ ರಾತ್ರಿ ಅದರ ಮೇಲೆ ಒಂದು ಮಣೆ, ಮಣೆಯ ಮೇಲೆ ಭಾರ ಇಟ್ಟರೆ ಬೆಳಿಗ್ಗೆ ಹರವಾಗಿರುತ್ತದೆ. ಕೆಂಪು ಗಾರೆ ನೆಲದ ಮೇಲೆ ಅದು ಬೆಣ್ಣೆಯ ಹಾಗೆ ಜಾರುತ್ತದೆ. ಕೂಸು ನನ್ನ ಕಡೆ ಮುಖ ಮಾಡಿ, ಎರಡೂ ಕೈಯಲ್ಲಿ ಅಂಚು ಹಿಡಿದು ಕೂರಬೇಕು. ಹೊರಡುವಾಗ ದರ್ರನೆ ಎಳೆಯಬಾರದು, ಹಿಂದಕ್ಕೆ ಬಿದ್ದರೆ ತಲೆಗೇ ಪೆಟ್ಟು. ಜಗಲಿಯಿಂದ ನಡುಮನೆ, ನಡುಮನೆಯಿಂದ ಅಡುಗೆಮನೆ ಬಾಗಿಲು, ಅಲ್ಲಿಂದ ವಾಪಸ್. "ಆಯೀ, ಮತ್ತೆ!" ಅನ್ನುತ್ತಾಳೆ, ನನ್ನ ಸೊಂಟ ಬೇಡ ಅನ್ನುವವರೆಗೆ.

ಆಮೇಲೆ ಅವಳ ಸರದಿ. ಇದೇ ಮುಖ್ಯ. ಆ ದಿನದ ಅಡುಗೆಗೆ ಬೇಕಾದ ತೆಂಗಿನಕಾಯಿಯನ್ನು ಹಾಳೆ ಮೇಲೆ ಇಟ್ಟು "ತಂಗೀ, ಅಜ್ಜಿಗೆ ಕೊಟ್ಟು ಬಾ" ಅಂತ ಮಗಳಿಗೆ ಹೇಳುತ್ತೇನೆ. ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು, ಹಿಂದಕ್ಕೆ ವಾಲಿ, ತುಟಿ ಕಚ್ಚಿಕೊಂಡು ಎಳೆಯುತ್ತಾಳೆ. ಹೊಸಿಲ ಹತ್ತಿರ ಕಾಯಿ ಉರುಳಿ ಹೋಗುತ್ತದೆ. ಓಡಿ ಹಿಡಿದು, ಅಪ್ಪಿಕೊಂಡು ತಂದು, ಮತ್ತೆ ಹಾಳೆ ಮೇಲೆ ಇಟ್ಟು, ಅದು ಮತ್ತೆ ಉರುಳಿ, ಹೀಗೆ ಒಂದು ಕಾಯಿ ಅಡುಗೆಮನೆ ಮುಟ್ಟುವಷ್ಟರಲ್ಲಿ ನನ್ನ ಒಂದು ಒಲೆಯ ಕೆಲಸ ಮುಗಿದಿರುತ್ತದೆ. ಅತ್ತೆ ಪ್ರತಿ ಸಲವೂ ಎದ್ದು ಬಂದು ಎರಡೂ ಕೈಯಲ್ಲಿ ಇಸಕೊಳ್ಳುತ್ತಾರೆ. ಆಗ ಅವಳ ಮುಖ ನೋಡಬೇಕು.

ಇಷ್ಟಾದ ಮೇಲೆ ನೀರಾಟ. ಬೇಸಿಗೆಯಲ್ಲಿ ಕೆಮ್ಮಣ್ಣು ಮೆತ್ತಿ ಇಟ್ಟ ಹಲಸಿನ ಬೇಳೆಯನ್ನು ಮಳೆಗಾಲದಲ್ಲಿ ಹುಳಿಗೆ, ಪಲ್ಯಕ್ಕೆ ತೆಗೆಯುತ್ತೇವಲ್ಲ, ಅದನ್ನು ತೊಳೆಯುವುದು ಅವಳ ಕೆಲಸ. ಹಿತ್ತಲ ಕಡೆಯ ಜಗಲಿಯಲ್ಲಿ ಅಗಲದ ಬೇಸಿನ್, ಅದರಲ್ಲಿ ಉಗುರು ಬೆಚ್ಚಗಿನ ನೀರು ಸ್ವಲ್ಪ, ಕೈಗೆ ಒಂದು ತೆಂಗಿನ ನಾರಿನ ತುಂಡು. ನೀರು ಕೆಂಪಾಗುತ್ತದೆ, ಒಳಗಿಂದ ಬಿಳಿ ಬೇಳೆ ಹೊರಗೆ ಬರುತ್ತದೆ. ಒಂದೊಂದನ್ನೂ ಎತ್ತಿ ನನಗೆ ತೋರಿಸಿ ಬುಟ್ಟಿಗೆ ಹಾಕುತ್ತಾಳೆ. ಮೈ ಒದ್ದೆಯಾಗಿಯೇ ಆಗುತ್ತದೆ. ಅದಕ್ಕೇ ಇದನ್ನು ಸ್ನಾನಕ್ಕೆ ಮುಂಚೆ ಇಟ್ಟುಕೊಳ್ಳಬೇಕು, ಆಗ ಬಟ್ಟೆಯೂ ಒಂದೇ ಜೊತೆ ಸಾಕು. ಬಟ್ಟೆ ಒಣಗದ ಕಾಲ ಅಲ್ವಾ.

ಇಲ್ಲಿ ಮಾತ್ರ ನಾನು ಒಂದು ನಿಮಿಷವೂ ಎದ್ದು ಹೋಗುವುದಿಲ್ಲ. ಸುಮಾರು 3 ಸೆಂ.ಮೀ. ಅಗಲದೊಳಗಿನ ಯಾವ ವಸ್ತುವಾದರೂ ಈ ವಯಸ್ಸಿನವರ ಗಂಟಲಿಗೆ ಸಿಕ್ಕಿಹಾಕಿಕೊಳ್ಳಬಹುದು. ಹಲಸಿನ ಬೇಳೆಯೂ ಸೇರಿತು, ಅಡಿಕೆಯೂ ಸೇರಿತು. ಗಂಗಾಳದ ತಳದಲ್ಲಿರುವಷ್ಟು ನೀರೂ ಮಗು ಮುಖ ಕೆಳಗಾಗಿ ಬಿದ್ದರೆ ಅಪಾಯವೇ. ಯಾರಾದರೂ ಕರೆದರೆ ಬೇಸಿನ್ ಮಗುಚಿ, ಕೂಸನ್ನು ಎತ್ತಿಕೊಂಡೇ ಏಳುತ್ತೇನೆ. ಬಚ್ಚಲುಮನೆಯಲ್ಲಿ ನೀರಾಟ ಬೇಡ, ಮಳೆಗಾಲದಲ್ಲಿ ಹಂಡೆ ಒಲೆ ಇಡೀ ದಿನ ಉರಿಯುತ್ತಿರುತ್ತದೆ. ಇನ್ನೊಂದು, ತೋಟದ ಮನೆಯವರು ದಯವಿಟ್ಟು ಕೇಳಿ: ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತವನ್ನು ಬೀಗದೊಳಗೆ ಇಡಿ. ಅಷ್ಟು ಚೆಂದದ ನೀಲಿ ಹರಳು ಕಂಡರೆ ಯಾವ ಮಗುವೂ ಬಿಡುವುದಿಲ್ಲ, ಅದು ವಿಷ.

ಕೂತು ಆಡುವುದು ಮಧ್ಯಾಹ್ನದ ಮೇಲೆ. ಚಪಾತಿ ಹಿಟ್ಟಿನ ಒಂದು ಉಂಡೆ, ಸಣ್ಣ ಮಣೆ, ಲಟ್ಟಣಿಗೆ. ಡಬ್ಬಿಗೆ ಡಬ್ಬಿಯ ಮುಚ್ಚಳ ಹುಡುಕುವುದು. ಒಲೆ ಮೇಲಿನ ಗಳದಿಂದ ತೆಗೆದ ಬೆಚ್ಚಗಿನ ಬಟ್ಟೆಯಲ್ಲಿ ಅಪ್ಪನದ್ದು, ಅಜ್ಜಿಯದ್ದು ಬೇರೆ ಮಾಡುವುದು. ಅಂಗಡಿಯಿಂದ ತಂದ ಗೊಂಬೆ, ಬ್ಲಾಕ್ಸ್ ಎಲ್ಲ ಇವೆ, ಆದರೆ ಅರ್ಧವನ್ನು ಅಟ್ಟಕ್ಕೆ ಏರಿಸಿರುತ್ತೇನೆ. ವಾರ ಬಿಟ್ಟು ಇಳಿಸಿ, ಕೆಳಗಿದ್ದದ್ದನ್ನು ಮೇಲೆ ಹಾಕಿದರೆ ಹಳೆಯದೇ ಹೊಸದಾಗುತ್ತದೆ.

ಮೊಬೈಲ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಎರಡು ವರ್ಷದೊಳಗೆ ಬೇಡವೇ ಬೇಡ, ಎರಡರ ನಂತರ ದಿನಕ್ಕೆ ಒಂದು ಗಂಟೆ ಮೀರಬಾರದು ಅಂತ ಮಕ್ಕಳ ವೈದ್ಯರು ಹೇಳುತ್ತಾರೆ. ನಮ್ಮಲ್ಲಿ ಊಟದ ಹೊತ್ತಲ್ಲಿ ಕೊಡುವುದಿಲ್ಲ, ಅಷ್ಟು ಮಾತ್ರ ಗಟ್ಟಿ. ಗಾಳಿಮಳೆಗೆ ಕರೆಂಟು ಹೋಗಿ, ಹಿಂದೆಯೇ ನೆಟ್‌ವರ್ಕೂ ಹೋಗುವ ಊರಲ್ಲಿ ಮೊಬೈಲನ್ನು ನಂಬಿ ಮಗುವನ್ನು ರೂಢಿ ಮಾಡಿದರೆ, ಅದು ಇಲ್ಲದ ಸಂಜೆ ಸಂಭಾಳಿಸುವುದು ಯಾರು?

ಸಂಜೆ ಕರೆಂಟು ಹೋದರೆ ಅಜ್ಜನ ಪಾಳಿ. ಅವರು ಸ್ಟೀಲ್ ಡಬ್ಬಿ ತಟ್ಟಿ ಯಕ್ಷಗಾನದ ಪದ ಎತ್ತುತ್ತಾರೆ, ಇವಳು ನನ್ನ ವೇಲ್ ಸೊಂಟಕ್ಕೆ ಕಟ್ಟಿಕೊಂಡು ಗಿರಗಿರ ಸುತ್ತುತ್ತಾಳೆ. ಯಕ್ಷಗಾನದ ವೇಷದವರ ಹಾಗೆ ಧಿಗಿಣ (ಸುತ್ತು ಕುಣಿತ) ಹಾಕ್ತಿದ್ದೇನೆ ಅಂತ ಅವಳ ಲೆಕ್ಕ. ಸುತ್ತಲಿನ ಮಣೆ, ಕುರ್ಚಿ ಸರಿಸಿಟ್ಟರೆ ಆಯಿತು.

ಕಾರವಾರ, ಕುಮಟಾ ಪೇಟೆಯಲ್ಲಿ ಬಾಡಿಗೆ ಮನೆಯಲ್ಲಿರುವವರಿಗೆ ಹಾಳೆ ಎಲ್ಲಿಂದ ಬರಬೇಕು ಅಂತ ನನ್ನ ತಂಗಿ ಕೇಳಿದ್ದಳು. ಟೈಲ್ಸ್ ನೆಲವಾದರೆ ದಪ್ಪ ಬೆಡ್‌ಶೀಟ್ ನಾಲ್ಕು ಮಡಿಕೆ ಮಾಡಿ ಎಳೆಯಬಹುದು, ರಟ್ಟಿನ ದೊಡ್ಡ ಪೆಟ್ಟಿಗೆಯೂ ಆಗುತ್ತದೆ, ಆದರೆ ಅದರ ಪಿನ್ನುಗಳನ್ನು ಮೊದಲು ಕಿತ್ತುಬಿಡಿ. ತೆಂಗಿನಕಾಯಿ ಬದಲು ಅಕ್ಕಿಯ ಸಣ್ಣ ಚೀಲ ಇಟ್ಟರಾಯಿತು. ಅವಳ ಮಗ ಈಗ ದಿನಾ ಬೆಳಿಗ್ಗೆ ಈರುಳ್ಳಿ ಬುಟ್ಟಿಯನ್ನು ಅಡುಗೆಮನೆಗೆ ಎಳೆದು ತರುತ್ತಾನಂತೆ.