ಮನೆಯಲ್ಲೇ ಧ್ವನಿಮುದ್ರಣ: ಇಂಟರ್‌ಫೇಸನ್ನೂ ಸಾಫ್ಟ್‌ವೇರನ್ನೂ ಹೋಲಿಸಿ ಆರಿಸುವ ಕ್ರಮ

ಶಿಡ್ಲಘಟ್ಟದ ನಮ್ಮ ಮನೆಯ ಒಳಕೋಣೆಯಲ್ಲಿ ಕೆಲವು ವರ್ಷಗಳಿಂದ ತತ್ವಪದ, ಭಜನೆ, ಸೋಬಾನೆ ಪದಗಳನ್ನು ಧ್ವನಿಮುದ್ರಿಸಿಕೊಳ್ಳುತ್ತಾ ಬಂದಿದ್ದೇನೆ. ತಮ್ಮಲ್ಲೂ ಇಂಥದ್ದೊಂದು ವ್ಯವಸ್ಥೆ ಮಾಡಿಕೊಳ್ಳಬೇಕೆಂದು ಚಿಂತಾಮಣಿ, ಗೌರಿಬಿದನೂರು ಕಡೆಯ ಭಜನಾ ಮಂಡಳಿಗಳವರು ವಿಚಾರಿಸಲು ಬಂದಾಗ ಹೆಚ್ಚಿನವರು ಮೊದಲು ಕೇಳುವುದು, ಯಾವ ಸಾಫ್ಟ್‌ವೇರಿನಲ್ಲಿ ಧ್ವನಿ ಚೆನ್ನಾಗಿ ಬರುತ್ತದೆ ಎಂದು. ಧ್ವನಿಯ ಗುಣದ ಮಟ್ಟಿಗೆ ಎಲ್ಲವೂ ಒಂದೇ ಎಂಬುದೇ ಅದಕ್ಕೆ ಉತ್ತರ, ಮತ್ತು ಇದನ್ನು ಯಾರು ಬೇಕಾದರೂ ಮನೆಯಲ್ಲೇ ಪರೀಕ್ಷಿಸಬಹುದು. ಒಂದು ಸ್ಟೀರಿಯೊ ವೇವ್ ಕಡತವನ್ನು ಎರಡು ಬೇರೆ ಬೇರೆ ಸಾಫ್ಟ್‌ವೇರುಗಳಿಗೆ ಹಾಕಿ, ಯಾವ ಎಫೆಕ್ಟನ್ನೂ ಸೇರಿಸದೆ, ಧ್ವನಿಮಟ್ಟದ ಫೇಡರನ್ನು ಸೊನ್ನೆ ಡೆಸಿಬಲ್‌ನಲ್ಲೇ ಇಟ್ಟು, ಅದೇ ಸ್ಯಾಂಪಲ್ ದರದಲ್ಲಿ (ಸೆಕೆಂಡಿಗೆ ದನಿಯನ್ನು ಎಷ್ಟು ಸಲ ಅಳೆಯುತ್ತದೆ ಎಂಬ ಲೆಕ್ಕ) 24 ಬಿಟ್ ಕಡತವಾಗಿ ಎರಡರಿಂದಲೂ ಹೊರತೆಗೆಯಿರಿ. ಆಮೇಲೆ ಆ ಎರಡು ಕಡತಗಳನ್ನು ಒಂದೇ ಪ್ರಾಜೆಕ್ಟಿನಲ್ಲಿ ಆರಂಭ ಸರಿಹೊಂದುವಂತೆ ಮೇಲೆ ಕೆಳಗೆ ಇಟ್ಟು, ಒಂದರ ಫೇಸನ್ನು, ಅಂದರೆ ಅಲೆಯ ಏರಿಳಿತವನ್ನು, ತಿರುಗುಮುರುಗು ಮಾಡಿ ನುಡಿಸಿದರೆ ಎರಡೂ ಒಂದನ್ನೊಂದು ಅಳಿಸಿ ಹಾಕಿ ನಿಶ್ಶಬ್ದವಷ್ಟೇ ಉಳಿಯುತ್ತದೆ.

ಹಾಗಾದರೆ ಹೋಲಿಸಬೇಕಾದದ್ದು ಏನನ್ನು? ನನ್ನ ಖಚಿತ ಅಭಿಪ್ರಾಯವೆಂದರೆ ಮೈಕಿಗೂ ಕಂಪ್ಯೂಟರಿಗೂ ನಡುವೆ ಕೂರುವ ಇಂಟರ್‌ಫೇಸ್ ಎಂಬ ಪೆಟ್ಟಿಗೆಯನ್ನು ಮೊದಲು ಹೋಲಿಸಬೇಕು, ಸಾಫ್ಟ್‌ವೇರಿನ ಸರದಿ ಆಮೇಲೆ. ಮೈಕಿನಿಂದ ಬರುವ ಕ್ಷೀಣವಾದ ವಿದ್ಯುತ್ ಸಂಕೇತವನ್ನು ಹಿಗ್ಗಿಸಿ ಅಂಕಿಗಳಾಗಿ ಬದಲಾಯಿಸುವ ಕೆಲಸ ಇಂಟರ್‌ಫೇಸಿನದು, ಅಲ್ಲಿ ಒಡೆದುಹೋದ ದನಿಯನ್ನು ಮುಂದೆ ಯಾವ ಸಾಫ್ಟ್‌ವೇರೂ ಪೂರ್ತಿಯಾಗಿ ಕೂಡಿಸಿಕೊಡಲಾರದು. ಸಾಫ್ಟ್‌ವೇರನ್ನಾದರೋ ಮುಂದಿನ ವರ್ಷ ಬದಲಾಯಿಸಿಕೊಳ್ಳಬಹುದು, ಏಕೆಂದರೆ ವೇವ್ ಕಡತ ಎಲ್ಲದರಲ್ಲೂ ತೆರೆದುಕೊಳ್ಳುತ್ತದೆ.

ಇಂಟರ್‌ಫೇಸ್ ಕೊಳ್ಳುವ ಮುನ್ನ ಒಂದು ಹಾಳೆಯಲ್ಲಿ, ಏಕಕಾಲಕ್ಕೆ ಎಷ್ಟು ಮೈಕುಗಳು ಬೇಕು ಎಂಬುದನ್ನು ಬರೆದುಕೊಳ್ಳಿರಿ. ಒಬ್ಬರೇ ಹಾಡಿ, ಹಾರ್ಮೋನಿಯಂ ಮತ್ತು ತಾಳವನ್ನು ಒಂದೊಂದಾಗಿ ಸೇರಿಸುವವರಿಗೆ ಒಂದು ಮೈಕ್ ಸಾಕು, ಎರಡಿದ್ದರೆ ಅನುಕೂಲ. ಆದರೆ ತತ್ವಪದದ ಮೇಳದಲ್ಲಿ ಹಾಡುವವರು, ಹಿಮ್ಮೇಳ, ಹಾರ್ಮೋನಿಯಂ, ಡೋಲಕ್ ಎಲ್ಲವೂ ಒಬ್ಬರ ಮುಖ ಒಬ್ಬರು ನೋಡಿಕೊಂಡೇ ಸಾಗುವುದರಿಂದ, ಅದನ್ನು ಬಿಡಿಬಿಡಿಯಾಗಿ ರೆಕಾರ್ಡ್ ಮಾಡಿದರೆ ಪದದ ಜೀವವೇ ಹೋಗುತ್ತದೆ, ಅಲ್ಲಿ ನಾಲ್ಕು ಮೈಕುಗಳು ಬೇಕೇ ಬೇಕು. ಇಲ್ಲಿ ಹೆಸರಿನಲ್ಲಿರುವ ಅಂಕಿಯನ್ನು ನಂಬಿ ಮೋಸಹೋಗಬಾರದು. ಫೋಕಸ್‌ರೈಟ್ ಸ್ಕಾರ್ಲೆಟ್ 4ಐ4 ಮತ್ತು ಮೋಟು ಎಂ4 ಎರಡಕ್ಕೂ ನಾಲ್ಕು ಇನ್‌ಪುಟ್‌ಗಳಿವೆ ನಿಜ, ಆದರೆ ಅವುಗಳಲ್ಲಿ ಮೈಕಿಗೆಂದು ಇರುವುದು ಎರಡೇ, ಉಳಿದೆರಡು ಕೀಬೋರ್ಡ್ ವಾದ್ಯದಿಂದ ಬರುವಂಥ ಲೈನ್ ಸಂಕೇತಗಳಿಗೆ ಮಾತ್ರ. ಬೆರಿಂಜರ್ ಯುಎಂಸಿ404ಎಚ್‌ಡಿಯಲ್ಲಿ ನಾಲ್ಕೂ ಮೈಕಿಗೆ ಒದಗುತ್ತವೆ. ಅದೇ ಕಂಪನಿಯ ಯುಎಂಸಿ202ಎಚ್‌ಡಿಯಲ್ಲಿ ಎರಡು, ಯುಎಂಸಿ22ರಲ್ಲಿ ಒಂದೇ ಒಂದು. ಸ್ಕಾರ್ಲೆಟ್ ಸೋಲೊದಲ್ಲಿ ಒಂದು ಮೈಕ್, 2ಐ2ರಲ್ಲಿ ಎರಡು. ಯುಎಸ್‌ಬಿ ಮೈಕಿನ ಒಳಗೇ ಒಂದು ಪುಟ್ಟ ಇಂಟರ್‌ಫೇಸ್ ಇರುತ್ತದೆ, ಒಬ್ಬರೇ ಕಥೆ ಓದುವುದಕ್ಕೆ ಅದು ಸಾಕಾಗುತ್ತದೆ, ಎರಡನೇ ಮೈಕಿನ ಮಾತು ಬಂದೊಡನೆ ಅದರ ಮಿತಿ ಮುಗಿಯುತ್ತದೆ.

ಮೈಕುಗಳ ಸಂಖ್ಯೆ ತೀರ್ಮಾನವಾದ ಮೇಲೆ ಗೇನ್, ಅಂದರೆ ಇಂಟರ್‌ಫೇಸ್ ಮೈಕಿನ ಸಂಕೇತವನ್ನು ಎಷ್ಟು ಹಿಗ್ಗಿಸಬಲ್ಲದು ಎಂಬುದನ್ನು ನೋಡಬೇಕು. ಕಂಡೆನ್ಸರ್ ಮೈಕಿಗೆ ಇಂಟರ್‌ಫೇಸು ಮೈಕಿನ ಕೇಬಲಿನಲ್ಲೇ ಕಳಿಸುವ 48 ವೋಲ್ಟ್ ವಿದ್ಯುತ್, ಅಂದರೆ ಫ್ಯಾಂಟಮ್ ಪವರ್ ಬೇಕು, ಆದರೆ ಅದರ ಸಂಕೇತ ಜೋರಾಗಿರುವುದರಿಂದ ಕಡಿಮೆ ಗೇನ್ ಸಾಕಾಗುತ್ತದೆ. ಡೈನಮಿಕ್ ಮೈಕಿಗೆ ಫ್ಯಾಂಟಮ್ ಬೇಡ, ಗೇನ್ ಮಾತ್ರ ಹೆಚ್ಚು ಬೇಕು. ಹಲವರು ಆಸೆಪಡುವ ಶೂರ್ ಎಸ್‌ಎಂ7ಬಿ ಮೈಕಿಗೆ ಕನಿಷ್ಠ 60 ಡೆಸಿಬಲ್ ಗೇನ್ ಬೇಕೆಂದು ಅದನ್ನು ತಯಾರಿಸುವವರೇ ಹೇಳುತ್ತಾರೆ. ಸ್ಕಾರ್ಲೆಟ್ 2ಐ2ರ ಮೂರನೇ ಪೀಳಿಗೆಯಲ್ಲಿ ಗರಿಷ್ಠ ಗೇನ್ 56 ಡೆಸಿಬಲ್, 2023ರಲ್ಲಿ ಬಂದ ನಾಲ್ಕನೇ ಪೀಳಿಗೆಯಲ್ಲಿ 69. ಒಂದೇ ಹೆಸರಿನ ಪೆಟ್ಟಿಗೆಯಲ್ಲೂ ಇಷ್ಟು ಅಂತರವಿರುವುದರಿಂದ, ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಪೀಳಿಗೆಯನ್ನು ವಿಚಾರಿಸದೆ ಹಣ ಕೊಡಬಾರದು.

ನಮ್ಮ ಜಿಲ್ಲೆಯಲ್ಲಿ ಇದಕ್ಕೆ ತದ್ವಿರುದ್ಧವಾದ ಸಮಸ್ಯೆಯೂ ಇದೆ, ಅದೇ ತಮಟೆ. 2023ರಲ್ಲಿ ಪದ್ಮಶ್ರೀ ಪಡೆದ ಮುನಿವೆಂಕಟಪ್ಪನವರಂಥ ತಮಟೆ ಕಲಾವಿದರು ಬೆಳೆದ ಸೀಮೆ ಇದು. ಈ ವಾದ್ಯವನ್ನು ಬಿಟ್ಟು ಇಲ್ಲಿ ಜನಪದ ಧ್ವನಿಮುದ್ರಣದ ಮಾತಾಡುವಂತಿಲ್ಲ. ತಮಟೆಯ ಪೆಟ್ಟು ಎಷ್ಟು ಚುರುಕಾಗಿರುತ್ತದೆಂದರೆ, ಮೀಟರಿನ ಕಡ್ಡಿ ಮೇಲೇರುವುದು ಕಣ್ಣಿಗೆ ಬೀಳುವಷ್ಟರಲ್ಲಿ ದನಿ ಒಡೆದಿರುತ್ತದೆ. ಮೊದಲ ಸಲ ನಾನು ತಣ್ಣನೆಯ ತಮಟೆಗೆ ಗೇನ್ ಹೊಂದಿಸಿಕೊಂಡು, ಆಮೇಲೆ ಬಾರಿಸುವವರು ಅದನ್ನು ಬೆಂಕಿಗೆ ಹಿಡಿದು ಕಾಯಿಸಿ ತಂದು ಬಾರಿಸಿದಾಗ, ಬಿಗಿಯಾದ ಚರ್ಮದ ಸದ್ದಿಗೆ ಇಡೀ ಮೊದಲ ಪದ ಹಾಳಾಯಿತು. ಅಂದಿನಿಂದ ತಮಟೆ ಕಾಯಿಸಿದ ಮೇಲೆಯೇ ಗೇನ್ ಹೊಂದಿಸುತ್ತೇನೆ, ಮೈಕನ್ನು ಒಂದೂವರೆ ಮೀಟರಿನಾಚೆ ಇಡುತ್ತೇನೆ, ಅತಿ ಜೋರಾದ ಪೆಟ್ಟೂ ಮೈನಸ್ 12 ಡೆಸಿಬಲ್ ದಾಟದಂತೆ ನೋಡಿಕೊಳ್ಳುತ್ತೇನೆ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡುವಾಗ ಮಟ್ಟ ತಗ್ಗಿತೆಂದು ಭಯಪಡಬೇಕಿಲ್ಲ. 16 ಬಿಟ್‌ಗೆ ಸುಮಾರು 96 ಡೆಸಿಬಲ್ ವ್ಯಾಪ್ತಿಯಿದ್ದರೆ 24 ಬಿಟ್‌ಗೆ ಲೆಕ್ಕದ ಪ್ರಕಾರ 144 ಇದೆ, ಆದ್ದರಿಂದ ಮೇಲೆ ಖಾಲಿ ಜಾಗ ಬಿಟ್ಟರೂ ಕೆಳಗಿನ ಸೂಕ್ಷ್ಮ ದನಿ ಕಳೆದುಹೋಗುವುದಿಲ್ಲ.

ಮೂರನೆಯ ಅಂಶವಾದ ಡ್ರೈವರ್, ಅಂದರೆ ಇಂಟರ್‌ಫೇಸಿಗೂ ಕಂಪ್ಯೂಟರಿಗೂ ಮಾತು ಕೂಡಿಸುವ ಪುಟ್ಟ ತಂತ್ರಾಂಶದ ಬಗ್ಗೆ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ, ಆದರೆ ದಿನನಿತ್ಯದ ಸುಖದುಃಖ ಇರುವುದೇ ಅದರಲ್ಲಿ. ಹಾಡುವವರು ಹೆಡ್‌ಫೋನಿನಲ್ಲಿ ತಮ್ಮ ದನಿಯನ್ನು ತಡವಾಗಿ ಕೇಳಿಸಿಕೊಂಡರೆ ಲಯ ತಪ್ಪುತ್ತದೆ. ಕಂಪ್ಯೂಟರು ದನಿಯನ್ನು ಹನಿಹನಿಯಾಗಿ ಅಲ್ಲ, ಕೊಡಕೊಡವಾಗಿ ಸಾಗಿಸುತ್ತದೆ, ಆ ಕೊಡದ ಅಳತೆಗೆ ಬಫರ್ ಎನ್ನುತ್ತಾರೆ. 48 ಕಿಲೋಹರ್ಟ್ಸ್‌ನಲ್ಲಿ 128 ಸ್ಯಾಂಪಲ್‌ಗಳ ಬಫರ್ ಎಂದರೆ ಸುಮಾರು 2.7 ಮಿಲಿಸೆಕೆಂಡ್, 1024 ಎಂದರೆ ಸುಮಾರು 21.3. ಒಳಬರುವಾಗ ಒಮ್ಮೆ, ಹೊರಹೋಗುವಾಗ ಒಮ್ಮೆ ಈ ತಡ ಸೇರುತ್ತದೆ, ಪರಿವರ್ತನೆಯ ತಡ ಬೇರೆ. ಗಾಳಿಯಲ್ಲಿ ಶಬ್ದವು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುವುದರಿಂದ, ಹತ್ತು ಮಿಲಿಸೆಕೆಂಡ್ ತಡವೆಂದರೆ ಮೂರೂವರೆ ಮೀಟರ್ ದೂರದಲ್ಲಿ ಕುಳಿತವರ ಡೋಲಕ್ ಕೇಳಿದಂತೆ, ಅದಕ್ಕೆ ಹೊಂದಿಕೊಳ್ಳಬಹುದು. ನಲವತ್ತು ದಾಟಿದರೆ ಹಾಡುವುದು ಕಷ್ಟ. ವಿಂಡೋಸ್ ಬಳಸುವವರು ತಡವನ್ನು ತಗ್ಗಿಸುವ ಆಸಿಯೊ (ASIO) ಎಂಬ ಬಗೆಯ, ಇಂಟರ್‌ಫೇಸ್ ತಯಾರಕರದೇ ಆದ ಡ್ರೈವರ್ ಇದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ಆಸಿಯೊಫೋರ್‌ಆಲ್ ಎಂಬ ಸಾಮಾನ್ಯ ಡ್ರೈವರ್ ಆಪತ್ಕಾಲಕ್ಕೆ ಸರಿ, ನೆಚ್ಚಿಕೊಳ್ಳಲು ಅಲ್ಲ. ಮ್ಯಾಕ್‌ನಲ್ಲಿ ಇದೇ ಕೆಲಸ ಮಾಡುವ ಕೋರ್ ಆಡಿಯೊ ಒಳಗೇ ಇರುವುದರಿಂದ ಈ ತೊಡಕು ಕಡಿಮೆ. ಯಾವುದೇ ಆದರೂ ಡೈರೆಕ್ಟ್ ಮಾನಿಟರ್ ಎಂಬ ಗುಂಡಿ ಇರುವ ಇಂಟರ್‌ಫೇಸನ್ನೇ ಆರಿಸಿರಿ, ಅದನ್ನು ಒತ್ತಿದಾಗ ಹಾಡುವವರ ದನಿ ಕಂಪ್ಯೂಟರನ್ನು ಸುತ್ತಿ ಬರದೆ ನೇರವಾಗಿ ಕಿವಿಗೆ ಬರುತ್ತದೆ.

ತಡವನ್ನು ಅಳೆಯುವುದು ಕಷ್ಟವಲ್ಲ. ಸ್ಪೀಕರುಗಳನ್ನು ಬಂದ್ ಮಾಡಿ, ಸಾಫ್ಟ್‌ವೇರಿನ ಇನ್‌ಪುಟ್ ಮಾನಿಟರನ್ನೂ ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರನ್ನೂ ನಿಲ್ಲಿಸಿ, ಒಂದು ಕೇಬಲಿನಿಂದ ಇಂಟರ್‌ಫೇಸಿನ ಔಟ್‌ಪುಟ್ಟನ್ನು ಅದರದೇ ಲೈನ್ ಇನ್‌ಪುಟ್ಟಿಗೆ ಜೋಡಿಸಿರಿ. ಮೊದಲ ಟ್ರ್ಯಾಕಿನಲ್ಲಿ ಒಂದು ಟಿಕ್ ಸದ್ದನ್ನಿಟ್ಟು ನುಡಿಸುತ್ತಾ ಎರಡನೆಯದರಲ್ಲಿ ರೆಕಾರ್ಡ್ ಮಾಡಿರಿ. ಎರಡೂ ಅಲೆಗಳನ್ನು ಹಿಗ್ಗಿಸಿ ನೋಡಿದಾಗ ಒಂದರ ಕೆಳಗೊಂದು ನೇರವಾಗಿ ಕುಳಿತಿದ್ದರೆ ಡ್ರೈವರ್ ತನ್ನ ತಡವನ್ನು ಸಾಫ್ಟ್‌ವೇರಿಗೆ ಪ್ರಾಮಾಣಿಕವಾಗಿ ತಿಳಿಸಿದೆ ಎಂದರ್ಥ. ಅಂತರ ಉಳಿದಿದ್ದರೆ ಅದನ್ನು ಅಳೆದು ಸೆಟ್ಟಿಂಗಿನಲ್ಲಿ ಕೈಯಾರೆ ತುಂಬಬೇಕು. ರೀಪರ್, ಆಡಾಸಿಟಿ ಎಂಬ ಸಾಫ್ಟ್‌ವೇರುಗಳೆರಡರಲ್ಲೂ ಇದಕ್ಕೆ ಜಾಗವಿದೆ. ಹಾರ್ಮೋನಿಯಂ ಮೇಲೆ ಹಾಡನ್ನು ಸೇರಿಸಿದಾಗ ಏನೋ ಹೊಂದುತ್ತಿಲ್ಲ ಎಂದು ಗಾಯಕರನ್ನು ಮತ್ತೆ ಮತ್ತೆ ಹಾಡಿಸುವ ಮುನ್ನ ಈ ಪರೀಕ್ಷೆ ಮಾಡುವುದು ಅವರಿಗೆ ನಾವು ತೋರಬೇಕಾದ ಮರ್ಯಾದೆ.

ನಮ್ಮ ಊರಿನಲ್ಲಿ ಗೋಡೆಯಾಚೆ ರೇಷ್ಮೆ ರೀಲಿಂಗ್ ಮೋಟಾರು ಓಡುತ್ತಿರುತ್ತದೆ. ಅದರ ಗುಂಯ್‌ಗುಡುವಿಕೆಯೂ, ನಮ್ಮ 50 ಹರ್ಟ್ಸ್ ವಿದ್ಯುತ್ತಿನಿಂದ ಕೇಬಲಿನೊಳಗೆ ನುಸುಳುವ ಹಮ್ ಸದ್ದೂ ಕೇಳಲು ಹೆಚ್ಚುಕಡಿಮೆ ಒಂದೇ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ನಡೆಸಿ ನೋಡಿರಿ. ಸದ್ದು ಹೋದರೆ ತಪ್ಪು ಅರ್ಥಿಂಗಿನದು, ಉಳಿದರೆ ಮೈಕಿನ ಬೆನ್ನನ್ನು ಸದ್ದು ಬರುವ ಗೋಡೆಯ ಕಡೆಗೆ ತಿರುಗಿಸಿರಿ, ಏಕೆಂದರೆ ಕಾರ್ಡಿಯಾಯ್ಡ್ ಮೈಕು ಹಿಂದಿನಿಂದ ಬರುವುದನ್ನು ಅತಿ ಕಡಿಮೆ ಹಿಡಿಯುತ್ತದೆ. ಹಮ್ ಸದ್ದನ್ನು ಆಮೇಲೆ ಫಿಲ್ಟರಿನಿಂದ ತೆಗೆಯುತ್ತೇನೆಂದು ಬಿಡಬಾರದು. ಅದು 50ರಲ್ಲಷ್ಟೇ ನಿಲ್ಲದೆ 100, 150 ಹರ್ಟ್ಸ್‌ಗಳಲ್ಲೂ ಇರುತ್ತದೆ, ಗಂಡಸರ ಮಂದ್ರಸ್ಥಾಯಿಯ ದನಿಯೂ ಅಲ್ಲೇ ಇರುತ್ತದೆ. ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸುವುದರಿಂದ ಹೆಚ್ಚೇನೂ ಆಗದು, ದಪ್ಪನೆಯ ಕಂಬಳಿಗಳನ್ನು ಹಾಡುವವರ ಹಿಂದೆ ಮತ್ತು ಪಕ್ಕದಲ್ಲಿ ಇಳಿಬಿಟ್ಟರೆ ಕೋಣೆಯ ಮಾರ್ದನಿ ನಿಜವಾಗಿ ತಗ್ಗುತ್ತದೆ. ಮಧ್ಯೆ ಕರೆಂಟು ಹೋದರೂ ಕೆಲಸ ನಿಲ್ಲದಿರಲೆಂದು, ಯುಎಸ್‌ಬಿಯಿಂದಲೇ ವಿದ್ಯುತ್ ಪಡೆಯುವ ಇಂಟರ್‌ಫೇಸನ್ನು ಲ್ಯಾಪ್‌ಟಾಪಿನೊಂದಿಗೆ ಬಳಸುವುದು ನಮ್ಮಂಥ ಕಡೆ ಜಾಣತನ.

ಇನ್ನು ಸಾಫ್ಟ್‌ವೇರ್. ಆಡಾಸಿಟಿ ಉಚಿತ, ಕಲಿಯಲು ಸುಲಭ, ಒಂದು ಮೈಕಿನ ಓದಿಗೆ ಅದಕ್ಕಿಂತ ಹೆಚ್ಚಿನದು ಬೇಕಿಲ್ಲ. ಆದರೆ ಅದು ಪರವಾನಗಿಯ ಕಾರಣದಿಂದ ದೀರ್ಘಕಾಲ ಆಸಿಯೊ ಸೌಲಭ್ಯವಿಲ್ಲದೆ ಬಂದದ್ದರಿಂದ, ವಿಂಡೋಸ್‌ನಲ್ಲಿ ನಾಲ್ಕು ಮೈಕುಗಳನ್ನು ಬೇರೆ ಬೇರೆ ಟ್ರ್ಯಾಕಿಗೆ ಪಡೆಯಬೇಕೆನ್ನುವವರಿಗೆ ತೊಡಕಾಗುತ್ತದೆ. ನಾನು ನೆಲೆನಿಂತದ್ದು ರೀಪರ್‌ನಲ್ಲಿ. ಹಳೆಯ ಲ್ಯಾಪ್‌ಟಾಪಿನಲ್ಲೂ ಹಗುರವಾಗಿ ಓಡುತ್ತದೆ, 60 ದಿನ ಯಾವ ಅಂಗವನ್ನೂ ಮುಚ್ಚಿಡದೆ ಪರೀಕ್ಷೆಗೆ ಬಿಡುತ್ತಾರೆ, ವೈಯಕ್ತಿಕ ಬಳಕೆಯ ಪರವಾನಗಿಗೆ 60 ಡಾಲರ್. ಅದರ ಪರದೆ ಮೊದಲ ವಾರ ಗೊಂದಲ ಹುಟ್ಟಿಸುವುದು ನಿಜ, ಆ ವಾರವನ್ನು ದಾಟಬೇಕು. ಲಿನಕ್ಸ್ ಬಳಸುವವರಿಗೆ ಆರ್ಡರ್ (Ardour) ಎಂಬ ಸಾಫ್ಟ್‌ವೇರ್ ಇದೆ. ಆ್ಯಪಲ್ ಯಂತ್ರವಿದ್ದವರು ಗ್ಯಾರೇಜ್‌ಬ್ಯಾಂಡ್‌ನಿಂದ ಆರಂಭಿಸಿದರೆ ಖರ್ಚಿಲ್ಲ, ಮುಂದೆ ಲಾಜಿಕ್ ಪ್ರೊಗೆ ಹೋದಾಗ ಹಳೆಯ ಪ್ರಾಜೆಕ್ಟುಗಳು ಅಲ್ಲಿ ತೆರೆಯುತ್ತವೆ.

ಕ್ಯೂಬೇಸ್ 1989ರಿಂದ ಇರುವ ಹಳೆಯ ಹೆಸರು. ಇಂದು ಬಹಳ ಮಂದಿ ಬಳಸುವ ವಿಎಸ್‌ಟಿ ಪ್ಲಗಿನ್‌ಗಳ (ಸಾಫ್ಟ್‌ವೇರಿಗೆ ಸೇರಿಸಿಕೊಳ್ಳುವ ಉಪಸಾಧನಗಳ) ಪದ್ಧತಿಯೂ ಆಸಿಯೊ ಕೂಡ ಕ್ಯೂಬೇಸನ್ನು ತಯಾರಿಸುವ ಸ್ಟೈನ್‌ಬರ್ಗ್ ಕಂಪನಿಯಿಂದಲೇ ಬಂದವು. ಪ್ರೊ ಟೂಲ್ಸ್ ಇಂಟ್ರೊ ಉಚಿತವಾಗಿದ್ದು 8 ಆಡಿಯೊ ಟ್ರ್ಯಾಕುಗಳ ಮಿತಿ ಹೊಂದಿದೆ, ಮುಂದೆ ದೊಡ್ಡ ಸ್ಟುಡಿಯೊದಲ್ಲಿ ಕೆಲಸ ಹುಡುಕುವ ಹುಡುಗ ಹುಡುಗಿಯರು ಇದನ್ನು ಕಲಿತಿರುವುದು ಒಳ್ಳೆಯದು. ಏಬಲ್ಟನ್ ಲೈವ್ ಮತ್ತು ಎಫ್‌ಎಲ್ ಸ್ಟುಡಿಯೊ ಲಯದ ತುಣುಕುಗಳನ್ನು ಜೋಡಿಸಿ ಸಂಗೀತ ಕಟ್ಟುವವರಿಗೆ ಹೇಳಿ ಮಾಡಿಸಿದಂಥವು, ಇಡೀ ಪದವನ್ನು ಒಂದೇ ಉಸಿರಿನಲ್ಲಿ ಹಾಡಿ ಮುಗಿಸುವ ನಮ್ಮವರ ಕೆಲಸಕ್ಕೆ ಅವು ಅಷ್ಟು ಹತ್ತಿರವಲ್ಲ. ಎಫ್‌ಎಲ್ ಸ್ಟುಡಿಯೊದ ಪರೀಕ್ಷಾ ಆವೃತ್ತಿಯಲ್ಲಿ ಉಳಿಸಿದ ಪ್ರಾಜೆಕ್ಟನ್ನು ಖರೀದಿಸುವವರೆಗೆ ಮತ್ತೆ ತೆರೆಯಲಾಗದು ಎಂಬುದನ್ನೂ ನೆನಪಿಡಿ. ಇಂಟರ್‌ಫೇಸ್ ಜೊತೆಗೆ ಲೈವ್ ಲೈಟ್ ಅಥವಾ ಕ್ಯೂಬೇಸ್‌ನ ಚಿಕ್ಕ ಆವೃತ್ತಿ ಉಚಿತವಾಗಿ ಬರುವುದುಂಟು, ಪೆಟ್ಟಿಗೆಯೊಳಗಿನ ಕಾಗದವನ್ನು ಎಸೆಯುವ ಮುನ್ನ ನೋಡಿಕೊಳ್ಳಿರಿ.

ಹೋಲಿಸುವ ವಿಧಾನ ಹೀಗಿರಲಿ. ನೀವು ಚೆನ್ನಾಗಿ ಬಲ್ಲ ಒಂದೇ ಪದವನ್ನು, ಅದೇ ಮೈಕಿನಿಂದ, ಅದೇ ಇಂಟರ್‌ಫೇಸಿನಲ್ಲಿ, ಎರಡು ಅಥವಾ ಮೂರು ಸಾಫ್ಟ್‌ವೇರುಗಳಲ್ಲಿ ಆರಂಭದಿಂದ ಕೊನೆಯವರೆಗೆ ಮಾಡಿ ಮುಗಿಸಿರಿ. ಚರಣದ ನಡುವೆ ತಪ್ಪಿದ ಒಂದು ಸಾಲನ್ನಷ್ಟೇ ಮತ್ತೆ ಹಾಡಿಸಿ ಕೂಡಿಸಲು ಎಷ್ಟು ಹೆಜ್ಜೆ ಬೇಕಾಯಿತು ಎಂದು ಬರೆದಿಡಿ, ನಮ್ಮ ಕೆಲಸದಲ್ಲಿ ಹೆಚ್ಚು ಸಲ ಮಾಡುವುದು ಇದನ್ನೇ. ಮಿಶ್ರಛಾಪಿನ ಪದವಾದರೆ ಮೆಟ್ರೊನೋಮಿಗೆ 7/8 ಎಂದು ಕೊಟ್ಟು, ಅದು ಮೂರು, ಎರಡು, ಎರಡು ಎಂದು ಒತ್ತು ಹಾಕಬಲ್ಲುದೇ ನೋಡಿರಿ. ಪರದೆಯ ಮೇಲಿನ ತಾಳದ ಗೆರೆಗಳಿಗೆ ತಾನಾಗಿ ಅಂಟಿಕೊಳ್ಳುವ ಸ್ನ್ಯಾಪ್ ಸೌಲಭ್ಯವನ್ನು ಒಂದೇ ಗುಂಡಿಯಿಂದ ನಿಲ್ಲಿಸಲು ಬರಬೇಕು, ತಾಳವಿಲ್ಲದ ಸಾಕಿಯ ಭಾಗಕ್ಕೆ ಗೆರೆಗಳೇ ಶತ್ರು. ಶ್ರುತಿ ತಿದ್ದುವ ಪ್ಲಗಿನ್‌ಗಳಿಗಾಗಿ ಸಾಫ್ಟ್‌ವೇರ್ ಆರಿಸುವವರಿಗೆ ನನ್ನ ಕಳಕಳಿಯ ಮಾತೊಂದಿದೆ: ಹನ್ನೆರಡು ಸ್ವರಗಳಿಗೆ ದನಿಯನ್ನು ಎಳೆದು ಕೂರಿಸುವ ಆ ಸಾಧನಗಳನ್ನು ಬಿರುಸಾಗಿ ಬಳಸಿದರೆ ಗಮಕ ಸತ್ತುಹೋಗುತ್ತದೆ, ಹಾಡಿದವರ ಊರು ಯಾವುದೆಂದು ದನಿಯಿಂದ ತಿಳಿಯದಂತಾಗುತ್ತದೆ.

ಕೊನೆಯದಾಗಿ, ಪರೀಕ್ಷೆಯ ವೇಳೆ ಸಾಫ್ಟ್‌ವೇರನ್ನು ಒಮ್ಮೆ ಬೇಕೆಂದೇ ರೆಕಾರ್ಡಿಂಗಿನ ಮಧ್ಯದಲ್ಲಿ ಟಾಸ್ಕ್ ಮ್ಯಾನೇಜರಿನಿಂದ ಮುಚ್ಚಿ, ಅಲ್ಲಿಯವರೆಗಿನದು ಡಿಸ್ಕಿನಲ್ಲಿ ಉಳಿಯಿತೇ ಎಂದು ನೋಡಿರಿ. 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಒಂದು ಮೈಕಿನ ಒಂದು ಗಂಟೆಗೆ ಸುಮಾರು 520 ಎಂಬಿ ಜಾಗ ಬೇಕು, ನಾಲ್ಕು ಮೈಕಿಗೆ 2 ಜಿಬಿಗೂ ತುಸು ಹೆಚ್ಚು. ಪ್ರತಿ ಟ್ರ್ಯಾಕನ್ನೂ ಸೊನ್ನೆ ಸೆಕೆಂಡಿನಿಂದ ಆರಂಭವಾಗುವ ವೇವ್ ಕಡತವಾಗಿ ಹೊರತೆಗೆದು ಎರಡು ಬೇರೆ ಡಿಸ್ಕುಗಳಲ್ಲಿ ಇಟ್ಟರೆ, ಮುಂದೆ ಯಾವ ಸಾಫ್ಟ್‌ವೇರಿಗೆ ಹೋದರೂ ಅವುಗಳನ್ನು ಸಾಲಾಗಿ ಇಟ್ಟೊಡನೆ ಹಾಡು ಇದ್ದಂತೆಯೇ ಕೂಡಿಕೊಳ್ಳುತ್ತದೆ. ತಡದ ಪರೀಕ್ಷೆಯಲ್ಲಿ ಬಂದ ಅಂಕಿ, ಬಫರಿನ ಅಳತೆ, ಆ ದಿನ ತಮಟೆಗೂ ದನಿಗೂ ಗೇನ್ ಗುಂಡಿ ನಿಂತಿದ್ದ ಜಾಗ, ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ಇಂಟರ್‌ಫೇಸಿನ ತಲೆಯ ಮೇಲೆ ಅಂಟಿಸಿಡಿ.